ತಮ್ಮದಲ್ಲದ ಶಾಸ್ತ್ರದ ಸಂಶೋಧನಾ ಪ್ರಬಂಧವನ್ನು ಓದುವ ಬಗೆ

ಭೌತಶಾಸ್ತ್ರ, ವಿಮಾನ ಎಂಜಿನಿಯರಿಂಗ್, ಸಾಹಿತ್ಯ, ಬೌದ್ಧ ಚಿಂತನೆ ಈ ನಾಲ್ಕರಲ್ಲಿ ಒಂದನ್ನು ಚೆನ್ನಾಗಿ ಬಲ್ಲವರು ಉಳಿದ ಮೂರರ ಪ್ರಬಂಧಗಳನ್ನು ಕೈಗೆತ್ತಿಕೊಂಡಾಗ ಮೊದಲು ಹೆದರುವುದು ಪರಿಭಾಷೆಗೆ. ಆ ತೊಡಕನ್ನು ಒಂದು ಒಳ್ಳೆಯ ಪದಕೋಶ ಬಗೆಹರಿಸುತ್ತದೆ. ಆದರೆ ಆ ಶಾಸ್ತ್ರದವರು ಯಾವುದನ್ನು ಪುರಾವೆಯೆಂದು ಒಪ್ಪುತ್ತಾರೆ, ಆ ಪುರಾವೆ ಪ್ರಬಂಧದ ಯಾವ ಮೂಲೆಯಲ್ಲಿ ಇರುತ್ತದೆ ಎಂಬುದನ್ನು ಯಾವ ಪದಕೋಶವೂ ಹೇಳುವುದಿಲ್ಲ. ಆದ್ದರಿಂದ ಓದಲು ಕುಳಿತಾಗ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಮೂರು ಸಾಲುಗಳಿಗೆ ಜಾಗ ಬಿಡಿ: ಪ್ರಬಂಧದ ವಾದವೇನು, ಅದು ಯಾವುದರ ಮೇಲೆ ನಿಂತಿದೆ, ಏನು ಸಿಕ್ಕರೆ ಅದು ಬೀಳುತ್ತದೆ. ಮೊದಲ ಎರಡನ್ನು ಯಾರಾದರೂ ತುಂಬಿಯಾರು. ಮೂರನೆಯ ಸಾಲು ತುಂಬುವವರೆಗೆ ಪ್ರಬಂಧ ಅರ್ಥವಾಯಿತೆಂದು ತಿಳಿಯಬಾರದು.

ಭೌತಶಾಸ್ತ್ರದ ಪ್ರಾಯೋಗಿಕ ಪ್ರಬಂಧವನ್ನು ಮೊದಲ ಪುಟದಿಂದ ಸಾಲುಸಾಲಾಗಿ ಓದಬೇಕಾಗಿಲ್ಲ. ಸಾರಾಂಶ ಓದಿದ ಮೇಲೆ ನೇರವಾಗಿ ನಕ್ಷೆಗಳಿಗೆ ಹೋಗಿ, ಅಕ್ಷಗಳ ಮೇಲೆ ಏನಿದೆ, ದೋಷಮಿತಿಯ ಗೆರೆಗಳು ಎಷ್ಟು ಉದ್ದವಾಗಿವೆ ಎಂಬುದನ್ನು ನೋಡಿ. ಅಳೆದ ಮೌಲ್ಯದ ಪಕ್ಕದಲ್ಲಿ ಅನೇಕ ವೇಳೆ ± ಗುರುತಿನ ಎರಡು ಸಂಖ್ಯೆಗಳಿರುತ್ತವೆ. ಒಂದು ಮಾಪನಗಳ ಸಂಖ್ಯೆ ಸೀಮಿತವಾಗಿರುವುದರಿಂದ ಬರುವ ಅನಿಶ್ಚಿತತೆ, ಇನ್ನೊಂದು ಉಪಕರಣದಿಂದ ಮತ್ತು ವಿಧಾನದಿಂದ ಬರುವಂಥದ್ದು. 2011ರ ಸೆಪ್ಟೆಂಬರಿನಲ್ಲಿ ಒಪೆರಾ ಪ್ರಯೋಗದ ತಂಡವು, ಯುರೋಪಿನ ಕಣಭೌತ ಪ್ರಯೋಗಾಲಯವಾದ ಸರ್ನ್‌ನಿಂದ ಇಟಲಿಯ ಗ್ರಾನ್ ಸಾಸೋವರೆಗೆ ನೆಲದೊಳಗೆ ಸುಮಾರು 730 ಕಿ.ಮೀ. ಸಾಗಿದ ನ್ಯೂಟ್ರಿನೋ ಎಂಬ ಕಣಗಳು ಬೆಳಕು ತಲುಪಬೇಕಾದ ಹೊತ್ತಿಗಿಂತ 60.7 ನ್ಯಾನೋಸೆಕೆಂಡು ಮುಂಚೆ ಬಂದವೆಂದು ವರದಿ ಮಾಡಿತು, ಪಕ್ಕದಲ್ಲಿ ±6.9 ಮತ್ತು ±7.4 ಎಂದಿತ್ತು. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 10 ಬರುತ್ತದೆ, ಅಂದರೆ ಕಂಡ ಅಂತರ ಈ ಒಟ್ಟು ಅನಿಶ್ಚಿತತೆಯ ಆರು ಪಟ್ಟು, ಶಾಸ್ತ್ರದ ಮಾತಿನಲ್ಲಿ ಆರು ಸಿಗ್ಮಾ. ಹೊಸ ಕಣವನ್ನು ಕಂಡೆವೆಂದು ಸಾರಲು ಕಣಭೌತಶಾಸ್ತ್ರದವರು ಕೇಳುವುದು ಐದು ಸಿಗ್ಮಾ ಮಾತ್ರ. ಆದರೂ ಫಲಿತಾಂಶ ತಪ್ಪಾಗಿತ್ತು, ಏಕೆಂದರೆ ಕಾಲಸಂಕೇತವನ್ನು ಒಯ್ಯುವ ಆಪ್ಟಿಕಲ್ ಫೈಬರ್ ಕೇಬಲ್ ಒಂದು ಸರಿಯಾಗಿ ಕೂತಿರಲಿಲ್ಲ. 2012ರಲ್ಲಿ ತಿದ್ದಿದ ಪ್ರಬಂಧದಲ್ಲಿ ಅಂತರ 6.5 ನ್ಯಾನೋಸೆಕೆಂಡಿಗೆ ಇಳಿದು ದೋಷಮಿತಿಯೊಳಗೆ ಅಡಗಿಹೋಯಿತು. ಸಿಗ್ಮಾದ ಲೆಕ್ಕಕ್ಕೆ ಸಿಗುವುದು ಲೇಖಕರಿಗೆ ಗೊತ್ತಿರುವ ದೋಷಗಳು ಮಾತ್ರ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಸಿಕ್ಕಿಲ್ಲ. ಆ ತಂಡದ ಪರವಾಗಿ ಒಂದು ಮಾತನ್ನು ಸೇರಿಸಬೇಕು: ಬೆಳಕಿಗಿಂತ ವೇಗವಾಗಿ ಯಾವುದೂ ಸಾಗದೆನ್ನುವ ಸಾಪೇಕ್ಷತಾ ಸಿದ್ಧಾಂತ ಬಿದ್ದುಹೋಯಿತೆಂದು ಅವರು ಬರೆದಿರಲಿಲ್ಲ, ಫಲಿತಾಂಶಕ್ಕೆ ಸೈದ್ಧಾಂತಿಕ ಅರ್ಥ ಹಚ್ಚುವುದಿಲ್ಲವೆಂದು ಪ್ರಬಂಧದಲ್ಲೇ ಹೇಳಿದ್ದರು. ಆದ್ದರಿಂದ ಭೌತಶಾಸ್ತ್ರದ ಪ್ರಬಂಧದಲ್ಲಿ ದೋಷಗಳ ಪಟ್ಟಿ ಇರುವ ಭಾಗವನ್ನು, ಅದು ಎಷ್ಟೇ ನೀರಸವಾಗಿದ್ದರೂ, ಬಿಡದೆ ಓದಬೇಕು.

ವಿಮಾನ ಎಂಜಿನಿಯರಿಂಗ್‌ನ ಪ್ರಬಂಧದಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಅಲ್ಲಿನ ಸಂಖ್ಯೆ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಯಾವ ಸ್ಥಿತಿಯಲ್ಲಿ ಸರಿ ಎಂಬುದೇ ವಿಷಯ. ಹಾರುವ ಮಾದರಿಯೊಂದರ ರೆಕ್ಕೆಗೆ ನಾನು ಒಮ್ಮೆ ಹಳೆಯ ವರದಿಯ ನಕ್ಷೆಯಿಂದ ಎತ್ತುವಿಕೆಯ ಗುಣಾಂಕವನ್ನು (ರೆಕ್ಕೆ ಎಷ್ಟು ಎತ್ತುತ್ತದೆಂದು ಹೇಳುವ ಸಂಖ್ಯೆಯನ್ನು) ಹಾಗೆಯೇ ಎತ್ತಿಕೊಂಡಿದ್ದೆ. ಅಮೆರಿಕದ ವಿಮಾನ ಸಂಶೋಧನಾ ಸಂಸ್ಥೆ ನ್ಯಾಕಾ 1933ರಲ್ಲಿ 78 ರೆಕ್ಕೆ-ಅಡ್ಡಕೊಯ್ತಗಳ ಮೇಲೆ ಪ್ರಕಟಿಸಿದ ವರದಿ ಅದು. ಗಾಳಿಯನ್ನು ಸುಮಾರು 20 ವಾಯುಭಾರಕ್ಕೆ ಒತ್ತಿದ ವಿಂಡ್ ಟನಲ್‌ನಲ್ಲಿ, ಸುಮಾರು 30 ಲಕ್ಷ ರೆನಾಲ್ಡ್ಸ್ ಸಂಖ್ಯೆಯಲ್ಲಿ (ರೆಕ್ಕೆಯ ಅಳತೆ, ವೇಗ, ಗಾಳಿಯ ಸಾಂದ್ರತೆ ಮತ್ತು ಸ್ನಿಗ್ಧತೆಗಳಿಂದ ಬರುವ ಅನುಪಾತ ಇದು) ಅಳೆದ ಮೌಲ್ಯಗಳು ಅಲ್ಲಿದ್ದವು. ನನ್ನ ಮಾದರಿಯ ರೆಕ್ಕೆಯ ಅಗಲ 15 ಸೆಂ.ಮೀ., ವೇಗ ಸೆಕೆಂಡಿಗೆ 10 ಮೀಟರ್. ರೆನಾಲ್ಡ್ಸ್ ಸಂಖ್ಯೆ ಹೆಚ್ಚೆಂದರೆ ಒಂದು ಲಕ್ಷ. ನಕ್ಷೆ ಮಾತು ಕೊಟ್ಟಿದ್ದ ಕೋನಕ್ಕಿಂತ ಎಷ್ಟೋ ಮೊದಲೇ ಮಾದರಿ ಸ್ಟಾಲ್ ಆಗಿ, ಅಂದರೆ ರೆಕ್ಕೆಯ ಎತ್ತುವಿಕೆ ಕುಸಿದು, ಮೂಗು ಕೆಳಗೆ ಹಾಕಿತು. ವರದಿಯ ತಪ್ಪೇನೂ ಇರಲಿಲ್ಲ. ಅಂದಿನಿಂದ ಈ ಶಾಸ್ತ್ರದ ಯಾವ ಪ್ರಬಂಧವನ್ನು ತೆರೆದರೂ ಫಲಿತಾಂಶಕ್ಕೆ ಮೊದಲು ರೆನಾಲ್ಡ್ಸ್ ಸಂಖ್ಯೆ, ಮಾಕ್ ಸಂಖ್ಯೆ (ವೇಗವು ಶಬ್ದದ ವೇಗದ ಎಷ್ಟು ಪಟ್ಟು ಎಂಬುದು), ಮಾದರಿಯ ಅಳತೆ ಈ ಮೂರನ್ನು ಹುಡುಕಿ ಬರೆದುಕೊಳ್ಳುತ್ತೇನೆ. ಕಂಪ್ಯೂಟರಿನಲ್ಲಿ ಮಾತ್ರ ನಡೆದ ಅಧ್ಯಯನವಾದರೆ, ಅದೇ ಲೆಕ್ಕಾಚಾರವನ್ನು ಯಾವ ಪ್ರಯೋಗದ ಫಲಿತಾಂಶದೊಡನೆ ಹೋಲಿಸಿ ನೋಡಿದ್ದಾರೆ ಎಂಬುದು ನಾಲ್ಕನೆಯದು. ಹೋಲಿಕೆಯೇ ಇಲ್ಲದಿದ್ದರೆ ಬಣ್ಣಬಣ್ಣದ ಚಿತ್ರಗಳಿಗೆ ಮರುಳಾಗಬೇಡಿ.

ಸಾಹಿತ್ಯ ಸಂಶೋಧನೆಗೆ ಬಂದ ವಿಜ್ಞಾನದ ಓದುಗರು ಸಾಮಾನ್ಯವಾಗಿ ತೀರ್ಮಾನವನ್ನು ಹುಡುಕಿಕೊಂಡು ಕೊನೆಯ ಪುಟಕ್ಕೆ ಹಾರುತ್ತಾರೆ. ಇಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಪುರಾವೆ ಇರುವುದು ಉದ್ಧರಿಸಿದ ಸಾಲುಗಳಲ್ಲಿ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವನ್ನು ಬರೆದವನು ರಾಷ್ಟ್ರಕೂಟ ದೊರೆ ನೃಪತುಂಗನೋ ಅವನ ಆಸ್ಥಾನದ ಶ್ರೀವಿಜಯನೋ ಎಂಬ ದೀರ್ಘ ಚರ್ಚೆಯಲ್ಲಿ ‘ನೃಪತುಂಗದೇವಾನುಮತ’ ಎಂಬ ಒಂದು ಸಮಾಸಕ್ಕೆ ಬಿದ್ದಿರುವ ತೂಕವನ್ನು ನೋಡಿ. ‘ಅನುಮತ’ ಎಂದರೆ ಒಪ್ಪಿದ್ದು. ದೊರೆ ಒಪ್ಪಿದ್ದಾನೆಂದ ಮೇಲೆ ಬರೆದವನು ಬೇರೆಯವನೇ ಆಗಿರಬೇಕಲ್ಲವೇ ಎಂಬುದು ಒಂದು ಪಕ್ಷದ ವಾದ. ಇಂಥ ಪ್ರಬಂಧವನ್ನು ಓದುವಾಗ ಮೂಲಕೃತಿಯ ಸಂಪಾದಿತ ಆವೃತ್ತಿಯನ್ನು ತೆರೆದಿಟ್ಟು, ಉದ್ಧರಿಸಿದ ಪದ್ಯದ ಹಿಂದಿನ ಮತ್ತು ಮುಂದಿನ ಪದ್ಯಗಳನ್ನೂ ಅಡಿಯಲ್ಲಿ ಕೊಟ್ಟ ಬೇರೆ ಹಸ್ತಪ್ರತಿಗಳ ಪಾಠಾಂತರಗಳನ್ನೂ ನೋಡಬೇಕು. ಮೂರನೆಯ ಸಾಲು ತುಂಬುವುದು ಅಲ್ಲಿಂದ: ಮತ್ತೊಂದು ಹಸ್ತಪ್ರತಿಯಲ್ಲಿ ಬೇರೆ ಪಾಠ ಸಿಕ್ಕರೆ ವಾದ ನಿಲ್ಲುತ್ತದೆಯೇ?

ಬೌದ್ಧ ಚಿಂತನೆಯಲ್ಲಿ ಈ ಪಾಠದ ಪ್ರಶ್ನೆಗೆ ಭಾಷೆಯ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಬೌದ್ಧ ತತ್ತ್ವಜ್ಞಾನಿ ನಾಗಾರ್ಜುನನ ಮೂಲಮಧ್ಯಮಕಕಾರಿಕೆಯ ಸಂಸ್ಕೃತ ಶ್ಲೋಕಗಳನ್ನು ನಾವು ಮುಖ್ಯವಾಗಿ ಪಡೆದಿರುವುದು ಅವನಿಗಿಂತ ಶತಮಾನಗಳ ನಂತರದ ಚಂದ್ರಕೀರ್ತಿಯ ವ್ಯಾಖ್ಯಾನದೊಳಗಿಂದ. ಕುಮಾರಜೀವನ ಚೀನೀ ಅನುವಾದ ಕ್ರಿ.ಶ. 409ರದು, ಟಿಬೆಟನ್ ಅನುವಾದ ಬೇರೆ ಇದೆ. ಪ್ರಬಂಧಕಾರರು ಯಾವುದನ್ನು ಆಧರಿಸಿದ್ದಾರೆಂದು ಮೊದಲ ಅಡಿಟಿಪ್ಪಣಿಗಳಲ್ಲೇ ತಿಳಿಯುತ್ತದೆ. ಪಾಲಿ ಗ್ರಂಥಗಳ ಉಲ್ಲೇಖವೂ ಹೊಸಬರನ್ನು ಕಾಡುತ್ತದೆ: ಬುದ್ಧನ ಉಪದೇಶಗಳ ಸಂಗ್ರಹವಾದ ಮಜ್ಝಿಮನಿಕಾಯ 1, 135 ಎಂದಿದ್ದರೆ ಅದು ಪಾಲಿ ಟೆಕ್ಸ್ಟ್ ಸೊಸೈಟಿಯ ಆವೃತ್ತಿಯ ಸಂಪುಟ ಮತ್ತು ಪುಟ, ಮಜ್ಝಿಮನಿಕಾಯ 22 ಎಂದಿದ್ದರೆ ಸುತ್ತದ, ಅಂದರೆ ಉಪದೇಶದ, ಕ್ರಮಸಂಖ್ಯೆ, ಎರಡೂ ಹೊಳೆ ದಾಟಿದ ಮೇಲೆ ತೆಪ್ಪವನ್ನು ಹೊತ್ತು ತಿರುಗಬಾರದೆಂಬ ಹೋಲಿಕೆ ಬರುವ ಒಂದೇ ಸುತ್ತಕ್ಕೆ ಕರೆದೊಯ್ಯುತ್ತವೆ.

ಕನ್ನಡದ ಓದುಗರಿಗೆ ಇಲ್ಲಿ ಮತ್ತೊಂದು ತೊಡಕು ಕಾದಿರುತ್ತದೆ. ‘ಯಃ ಪ್ರತೀತ್ಯಸಮುತ್ಪಾದಃ ಶೂನ್ಯತಾಂ ತಾಂ ಪ್ರಚಕ್ಷ್ಮಹೇ’ ಎಂದು ಕಾರಿಕೆಯ 24ನೆಯ ಅಧ್ಯಾಯದ 18ನೆಯ ಶ್ಲೋಕ ಶುರುವಾಗುತ್ತದೆ. ಒಂದನ್ನು ಆಶ್ರಯಿಸಿ ಇನ್ನೊಂದು ಹುಟ್ಟುವುದನ್ನೇ ನಾವು ಶೂನ್ಯತೆ ಎನ್ನುತ್ತೇವೆ ಎಂದು ಅದರ ಅರ್ಥ. ‘ಶೂನ್ಯ’ ಎಂದೊಡನೆ ನಮ್ಮ ಕಿವಿಯಲ್ಲಿ ಗಣಿತದ ಸೊನ್ನೆಯೂ ಅಲ್ಲಮನ ವಚನಗಳ ಶೂನ್ಯವೂ ಒಟ್ಟಿಗೆ ಮೊಳಗುವುದರಿಂದ, ಪದ ಪರಿಚಿತವೆಂಬ ಧೈರ್ಯದಲ್ಲಿ ವ್ಯಾಖ್ಯೆಯನ್ನು ನೋಡದೆ ಮುಂದೆ ಹೋಗುತ್ತೇವೆ. ಭೌತಶಾಸ್ತ್ರದ ಕ್ವಾಂಟಮ್ ನಿರ್ವಾತವನ್ನೂ ‘ಶೂನ್ಯ’ ಎಂದು ಕರೆದು, ಆಧುನಿಕ ವಿಜ್ಞಾನ ನಾಗಾರ್ಜುನನನ್ನು ಸಾಧಿಸಿ ತೋರಿಸಿದೆ ಎನ್ನುವ ಬರಹಗಳು ಹುಟ್ಟುವುದು ಹೀಗೆಯೇ. ಎರಡು ಶಾಸ್ತ್ರಗಳನ್ನು ಬೆಸೆಯುವ ಇಂಥ ಪ್ರಬಂಧ ಸಿಕ್ಕಾಗ ಪದವನ್ನು ತೆಗೆದು ಅದರ ವ್ಯಾಖ್ಯೆಯನ್ನು ಆ ಜಾಗದಲ್ಲಿ ಬರೆದು ನೋಡಿ. ಒಂದು ಕಡೆ ‘ಕ್ಷೇತ್ರದ ಅತಿ ಕಡಿಮೆ ಶಕ್ತಿಯ ಸ್ಥಿತಿ’, ಇನ್ನೊಂದು ಕಡೆ ‘ತನ್ನದೇ ಆದ ಸ್ವಭಾವ ಇಲ್ಲದಿರುವಿಕೆ’. ಮೊದಲನೆಯದನ್ನು ಅಳೆಯಬಹುದಾದ ಪರಿಣಾಮಗಳಿಂದ ಪರೀಕ್ಷಿಸುತ್ತಾರೆ. ಎರಡನೆಯದು ಎಲ್ಲ ವಸ್ತುಗಳ ಬಗ್ಗೆ ಹೇಳಿದ ಮಾತಾದ್ದರಿಂದ ನಾಗಾರ್ಜುನನ ಲೆಕ್ಕದಲ್ಲಿ ಆ ನಿರ್ವಾತವೂ ಶೂನ್ಯವೇ, ತುಂಬಿದ ಕೊಡವೂ ಶೂನ್ಯವೇ. ವ್ಯಾಖ್ಯೆ ಹಾಕಿದ ಮೇಲೂ ವಾಕ್ಯ ನಿಂತರೆ ಮುಂದೆ ಓದಬಹುದು.

ಪದಗಳಿಗಿಂತ ವಿಧಾನಗಳು ಹೆಚ್ಚು ಕ್ಷೇಮವಾಗಿ ಗಡಿ ದಾಟುತ್ತವೆ ಎಂಬುದು ನನ್ನ ಅನುಭವ. ಭೌತಶಾಸ್ತ್ರದವರು 1991ರಿಂದ ಬಳಸುತ್ತಿರುವ ಆರ್ಕೈವ್ ತಾಣದಲ್ಲಿ ಪ್ರಿಪ್ರಿಂಟಿನ (ನಿಯತಕಾಲಿಕೆಯಲ್ಲಿ ಅಚ್ಚಾಗುವ ಮೊದಲು ಹಂಚಿದ ಪ್ರಬಂಧದ) ಹಳೆಯ ಆವೃತ್ತಿಗಳೂ ಉಳಿದಿರುತ್ತವೆ. ಒಪೆರಾದ ಮೊದಲ ಮತ್ತು ಕೊನೆಯ ಆವೃತ್ತಿಗಳನ್ನು ಇಳಿಸಿಕೊಂಡು, ಓಲೆಗರಿಗಳ ಎರಡು ಪ್ರತಿಗಳನ್ನು ಸಂಪಾದಕರು ಹೋಲಿಸುವಂತೆ, ದೋಷಗಳ ಕೋಷ್ಟಕವನ್ನು ಸಾಲಿಗೆ ಸಾಲು ಇಟ್ಟು ಯಾವ ಸಾಲು ಬದಲಾಗಿದೆ, ಯಾವುದು ಹೊಸದಾಗಿ ಸೇರಿದೆ ಎಂದು ಗುರುತು ಹಾಕಿ. ಮೂರನೆಯ ಸಾಲಿನಲ್ಲಿ ಏನು ಬರೆಯಬೇಕಿತ್ತೆಂದು ಆಗ ಕಣ್ಣಿಗೇ ಕಾಣುತ್ತದೆ.