ಕಂಪ್ಯೂಟರ್‌ನಲ್ಲಿ ಹಾಡು ಎಗರಿ ಎಗರಿ ಬರ್ತಿದ್ಯಾ? ಸ್ಪೀಕರ್ ತರೋಕೆ ಮುಂಚೆ ಇಷ್ಟು ನೋಡಿ

ಹಾಡು ಮಧ್ಯ ಮಧ್ಯ ಎಗರುತ್ತೆ, ಚಟಪಟ ಅನ್ನುತ್ತೆ ಅಂದ ತಕ್ಷಣ ನಮ್ಮ ತುಮಕೂರಲ್ಲಿ ಜನ ಮಾಡೋದು ಎರಡೇ ಕೆಲಸ. ಒಂದು, ಹೊಸ ಸ್ಪೀಕರ್ ತರ್ತಾರೆ. ಇಲ್ಲಾಂದ್ರೆ ಸಿಪಿಯು ಡಬ್ಬಾನ ಗಾಡಿ ಮೇಲೆ ಇಟ್ಕೊಂಡು ಅಂಗಡಿಗೆ ಹೋಗಿ ಫಾರ್ಮ್ಯಾಟ್ ಹೊಡೆಸ್ಕೊಂಡು, ಅಂದ್ರೆ ಒಳಗಿರೋದನ್ನೆಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿಸ್ಕೊಂಡು ಬರ್ತಾರೆ. ನಾನು ನೋಡಿರೋ ಹೆಚ್ಚಿನ ಕೇಸಲ್ಲಿ ಎರಡೂ ಬೇಕಾಗಿರ್ಲಿಲ್ಲ.

ಕ್ಯಾತ್ಸಂದ್ರದಲ್ಲಿ ನಮ್ಮ ಹಿಂದಿನ ಬೀದೀಲಿ ಒಬ್ರು ಹಾರ್ಮೋನಿಯಂ ಮೇಷ್ಟ್ರು ಇದಾರೆ. ಗುಬ್ಬಿ, ಕೊರಟಗೆರೆ ಕಡೆ ಹಳ್ಳಿಗಳಲ್ಲೆಲ್ಲ ಪೌರಾಣಿಕ ನಾಟಕ ಕಲಿಸಿದವರು. ಅವರ ಹಳೇ ಕ್ಯಾಸೆಟ್‌ಗಳನ್ನೆಲ್ಲ ಕಂಪ್ಯೂಟರ್‌ಗೆ ಹಾಕಿಟ್ಕೊಂಡಿದಾರೆ. ಕೃಷ್ಣ ಕಂದಪದ್ಯ ಎತ್ಕೊಂಡು ಆಲಾಪಕ್ಕೆ ಹೋದ ಅನ್ನೋಷ್ಟರಲ್ಲಿ ಟಕ್ ಅಂತ ಕಟ್ ಆಗಿ ಮುಂದಿನ ಪಾದಕ್ಕೆ ಹಾರಿಬಿಡೋದು. ಎರಡು ಸಾವಿರ ಕೊಟ್ಟು ಸ್ಪೀಕರ್ ತಂದ್ರು, ಅದೇ ಕಥೆ. ಒಂದು ಅಂಗಡಿಯವರು ಫಾರ್ಮ್ಯಾಟ್ ಮಾಡಿದ್ರೆ ಸರಿಹೋಗುತ್ತೆ ಅಂದ್ರಂತೆ, ಪುಣ್ಯಕ್ಕೆ ಅದಕ್ಕೆ ಮುಂಚೆ ನನಗೆ ಫೋನ್ ಮಾಡಿದ್ರು. ಆ ರೆಕಾರ್ಡಿಂಗ್‌ಗಳಿಗೆ ಇನ್ನೊಂದು ಕಾಪಿ ಎಲ್ಲೂ ಇರ್ಲಿಲ್ಲ.

ಆದ್ದರಿಂದ ಮೊದಲನೇ ಹೆಜ್ಜೆ ಕಾಪಿ. ಪೆನ್‌ಡ್ರೈವ್‌ಗೋ ಇನ್ನೊಂದು ಹಾರ್ಡ್‌ಡಿಸ್ಕ್‌ಗೋ ಹಾಡುಗಳನ್ನ ಹಾಕ್ಕೊಳ್ಳಿ, ಆಮೇಲೆ ಮಿಕ್ಕಿದ್ದು.

ಎರಡನೇದು, ಹೇಗೆ ಎಗರುತ್ತೆ ಅಂತ ಕಿವಿ ಕೊಟ್ಟು ಕೇಳಿ. ಒಂದೇ ಹಾಡನ್ನ ಎರಡು ಸಲ ಪ್ಲೇ ಮಾಡಿ. ಎರಡು ಸಲವೂ ಅದೇ ಜಾಗದಲ್ಲಿ ಎಗರಿದ್ರೆ ಫೈಲೇ ಕೆಟ್ಟಿದೆ, ಇಲ್ಲಾ ಡಿಸ್ಕ್ ಕೆಡ್ತಾ ಇದೆ. ಫೈಲನ್ನ ಫೋನಿಗೆ ಹಾಕಿ ನೋಡಿದ್ರೆ ಅರ್ಧ ಗೊತ್ತಾಗುತ್ತೆ. ಒಂದೊಂದ್ಸಲ ಒಂದೊಂದು ಜಾಗದಲ್ಲಿ ಎಗರಿದ್ರೆ ಫೈಲ್ ಚೆನ್ನಾಗಿದೆ, ತೊಂದರೆ ಕಂಪ್ಯೂಟರ್‌ದು. ಯೂಟ್ಯೂಬ್‌ನಲ್ಲಿ ಮಾತ್ರ ನಿಂತು ನಿಂತು ಬಂದ್ರೆ ಮೊದಲು ನಿಮ್ಮ ನೆಟ್ ನೋಡಿ. ವೈರ್ ಮುಟ್ಟಿದಾಗ ಹೋಗಿ ಬಂದ್ರೆ ಜಾಕ್ ಲೂಸು. ಪಿನ್ನನ್ನ ಮುಂದಗಡೆ ತೂತಿಂದ ತೆಗೆದು ಹಿಂದಗಡೆ ಹಸಿರು ತೂತಿಗೆ ಹಾಕಿ, ಅದು ನೇರ ಮದರ್‌ಬೋರ್ಡ್‌ದೇ. ಮುಂದಿನದಕ್ಕೆ ಒಳಗಡೆ ಇನ್ನೊಂದು ಕೇಬಲ್ ಹಾದು ಬರಬೇಕು, ಸ್ಪೀಕರ್‌ಗೆ ನಾನಂತೂ ಅದನ್ನ ಬಳಸೋದೇ ಇಲ್ಲ.

ಬ್ಲೂಟೂತ್ ಸ್ಪೀಕರ್ ಆದ್ರೆ, ಅದರ ಡಾಂಗಲ್ (ಯುಎಸ್‌ಬಿ ತೂತಿಗೆ ಚುಚ್ಚೋ ಪುಟ್ಟ ಬ್ಲೂಟೂತ್ ತುಂಡು) ಪಕ್ಕದಲ್ಲೇ ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಚುಚ್ಚಿದೀರಾ ನೋಡಿ. ಬ್ಲೂಟೂತ್ ಓಡೋ 2.4 ಗಿಗಾಹರ್ಟ್ಸ್‌ನಲ್ಲೇ ಯುಎಸ್‌ಬಿ 3.0 ಗದ್ದಲ ಎಬ್ಬಿಸುತ್ತೆ. ಒಂದು ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲ್‌ನ ದೂರ ಮಾಡಿದ್ರೆ ಸಾಕು.

ಮೂರನೇದು ಸೆಟ್ಟಿಂಗ್, ಐದು ನಿಮಿಷದ ಕೆಲಸ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎಂಎಂಎಸ್‌ವೈಎಸ್ ಡಾಟ್ ಸಿಪಿಎಲ್ (mmsys.cpl) ಅಂತ ಟೈಪ್ ಮಾಡಿ ಎಂಟರ್ ಒತ್ತಿ, ನಿಮ್ಮ ಸ್ಪೀಕರ್ ಆರಿಸಿ ಪ್ರಾಪರ್ಟೀಸ್‌ಗೆ ಹೋಗಿ. ಅಡ್ವಾನ್ಸ್ಡ್‌ನಲ್ಲಿ 24 ಬಿಟ್, 48000 ಹರ್ಟ್ಸ್ ಇಡಿ. 192000 ಇದೆ ಅಂತ ಅದನ್ನ ಹಾಕ್ಬೇಡಿ, ಕಂಪ್ಯೂಟರ್‌ಗೆ ಹೊರೆ, ಕಿವಿಗೆ ಏನೂ ಲಾಭ ಇಲ್ಲ. ಎನ್‌ಹಾನ್ಸ್‌ಮೆಂಟ್ ಅಂತ ಎಲ್ಲಿ ಕಂಡ್ರೂ ಆಫ್ ಮಾಡಿ. ಪವರ್ ಆಪ್ಷನ್ಸ್‌ನಲ್ಲಿ ಹೈ ಪರ್ಫಾರ್ಮೆನ್ಸ್ ಇಡಿ.

ಇಷ್ಟಕ್ಕೆ ಸರಿಹೋಗ್ಲಿಲ್ಲ ಅಂದ್ರೆ ಇನ್ಮೇಲಿನದೇ ನಿಜವಾದ ಕೆಲಸ, ಎಲ್ಲರೂ ಎಡವೋದೂ ಇಲ್ಲೇ, ಅದಕ್ಕೇ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ.

ಮನೆ ಮೇಲಿನ ನೀರಿನ ಟ್ಯಾಂಕ್ ನೆನೆಸ್ಕೊಳ್ಳಿ. ಕೆಳಗಡೆ ನಲ್ಲಿ ಒಂದೇ ಸಮ ಸುರೀತಾ ಇರುತ್ತೆ, ಮೋಟರ್ ಆಗಾಗ ತುಂಬಿಸ್ತಾ ಇರುತ್ತೆ. ಮೋಟರ್ ಹಾಕೋದು ತಡ ಆಯ್ತೋ, ಟ್ಯಾಂಕ್ ಬರಿದಾಗಿ ನಲ್ಲಿ ಗೊರ್ ಅಂತ ಗಾಳಿ ಉಗುಳುತ್ತೆ. ಹಾಡೂ ಹಂಗೇ. ಸೌಂಡ್ ಕಾರ್ಡ್‌ಗೆ ಸೆಕೆಂಡಿಗೆ 48000 ಸ್ಯಾಂಪಲ್, ಅಂದ್ರೆ ಸದ್ದಿನ ಚೂರು, ಬೇಕೇ ಬೇಕು, ವಿಂಡೋಸ್ ಅದನ್ನ ಸಾಮಾನ್ಯವಾಗಿ 10 ಮಿಲಿಸೆಕೆಂಡಿನ ತುಂಡು ಮಾಡಿ, ಅಂದ್ರೆ ಸಲಕ್ಕೆ 480ರ ಲೆಕ್ಕದಲ್ಲಿ ತುಂಬಿಸುತ್ತೆ. ಆ ಹೊತ್ತಿಗೆ ಸರಿಯಾಗಿ ಬೇರೆ ಯಾವುದೋ ಡ್ರೈವರ್ (ಒಂದೊಂದು ಹಾರ್ಡ್‌ವೇರ್‌ನ ನಡೆಸೋ ಸಾಫ್ಟ್‌ವೇರ್) ಪ್ರೊಸೆಸರ್‌ನ ಹಿಡ್ಕೊಂಡು ಕೂತಿದ್ರೆ ತುಂಬಿಸೋದು ತಡ ಆಗುತ್ತೆ, ನಿಮಗೆ ಚಟ್ ಅಂತ ಕೇಳುತ್ತೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಬರೀ 5 ಪರ್ಸೆಂಟ್ ಅಂತ ತೋರಿಸ್ತಿದ್ರೂ ಹಿಂಗಾಗ್ಬಹುದು. ತಪ್ಪಿತಸ್ಥ ಬಹಳ ಸಲ ಆಡಿಯೋ ಡ್ರೈವರ್ ಆಗಿರೋದೇ ಇಲ್ಲ.

ಹಿಡಿಯೋಕೆ ಲೇಟೆನ್ಸಿಮಾನ್ ಅನ್ನೋ ಸಾಫ್ಟ್‌ವೇರ್ ಇದೆ, ಮನೆ ಬಳಕೆಗೆ ಫ್ರೀ. ಹಾಕ್ಕೊಂಡು, ಪ್ಲೇ ಬಟನ್ ಒತ್ತಿ, ಹಾಡು ಹಾಕಿ ಹತ್ತು ನಿಮಿಷ ಬಿಡಿ. ಕಂಪ್ಯೂಟರ್‌ನ ಮುಟ್ಟದೇ ಕೂರಬೇಡಿ, ದಿನಾ ಮಾಡೋ ಹಂಗೆ ಬ್ರೌಸರ್ ತೆಗೀರಿ, ಮುಚ್ಚಿ. ಆಮೇಲೆ ಡ್ರೈವರ್ಸ್ ಟ್ಯಾಬ್‌ಗೆ ಹೋಗಿ ಹೈಯೆಸ್ಟ್ ಎಕ್ಸಿಕ್ಯೂಷನ್ ಅನ್ನೋ ಕಾಲಂ ಮೇಲೆ ಕ್ಲಿಕ್ ಮಾಡಿ, ದೊಡ್ಡ ನಂಬರ್ ಮೇಲೆ ಬರುತ್ತೆ. ನನ್ನ ಲೆಕ್ಕ ಏನಂದ್ರೆ, 1 ಮಿಲಿಸೆಕೆಂಡ್ ದಾಟಿದವನ ಮೇಲೆ ಕಣ್ಣಿಡಿ, ಮೂರು ನಾಲ್ಕಕ್ಕೆ ಹೋದವನ್ನ ಬಿಡಬೇಡಿ.

ಇಲ್ಲೊಂದು ಮಾತು ಚೆನ್ನಾಗಿ ಗಮನಿಸಿ. ಮೇಲೆ ಕಾಣೋ ಹೆಸರೇ ಕಳ್ಳ ಅಂತಲ್ಲ. ಎನ್‌ಡಿಐಎಸ್ ಡಾಟ್ ಎಸ್‌ವೈಎಸ್ ಅಂತ ಬಂದ್ರೆ ಅದು ವಿಂಡೋಸ್‌ದೇ ನೆಟ್‌ವರ್ಕ್ ಫೈಲು, ಅದನ್ನ ಡಿಲೀಟ್ ಮಾಡೋಕೆ ಹೋದವರನ್ನ ನಾನು ನೋಡಿದೀನಿ, ದಯವಿಟ್ಟು ಬೇಡ. ಅದರ ಹಿಂದೆ ಇರೋದು ವೈಫೈ ಇಲ್ಲಾ ಲ್ಯಾನ್ ಕಾರ್ಡಿನ ಡ್ರೈವರ್. ಎನ್‌ವಿ ಇಂದ ಶುರುವಾಗೋದು ಸಾಮಾನ್ಯವಾಗಿ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡಿನದು. ಸ್ಟೋರ್‌ಪೋರ್ಟ್ ಅಂತ ಬಂದ್ರೆ ಡಿಸ್ಕ್ ಕಡೆ ನೋಡಿ.

ಅನುಮಾನ ಬಂತಲ್ಲ, ಈಗ ಪರೀಕ್ಷೆ. ಡಿವೈಸ್ ಮ್ಯಾನೇಜರ್ ತೆಗೆದು, ಆ ನೆಟ್‌ವರ್ಕ್ ಅಡಾಪ್ಟರ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸೇಬಲ್ ಕೊಡಿ, ಅನ್‌ಇನ್‌ಸ್ಟಾಲ್ ಅಲ್ಲ. ಹಾಡು ಕೇಳಿ. ಎಗರೋದು ನಿಲ್ಲಲಿಲ್ವಾ, ಮತ್ತೆ ಎನೇಬಲ್ ಮಾಡಿ, ಆಮೇಲೆ ಇನ್ನೊಂದಕ್ಕೆ ಹೋಗಿ. ಸಲಕ್ಕೆ ಒಂದೇ. ಐದನ್ನ ಒಟ್ಟಿಗೆ ಬದಲಾಯಿಸಿ, ಸರಿಹೋದ್ರೂ ಯಾವುದರಿಂದ ಅಂತ ಗೊತ್ತಾಗದೆ, ವಾರ ಬಿಟ್ಟು ಮತ್ತೆ ಶುರುವಾದಾಗ ತಲೆ ಕೆಡಿಸ್ಕೊಳ್ಳೋರೇ ಜಾಸ್ತಿ. ಡಿಸ್ಕ್ ಕಂಟ್ರೋಲರ್, ಪ್ರೊಸೆಸರ್ ಅಂತಿರೋದನ್ನ ಮುಟ್ಟಲೇಬೇಡಿ.

ಸಿಕ್ಕಿಬಿದ್ದ ಮೇಲೆ ಅದರ ಹೊಸ ಡ್ರೈವರ್‌ನ ಮದರ್‌ಬೋರ್ಡ್ ಕಂಪನಿ ಇಲ್ಲಾ ಆ ಹಾರ್ಡ್‌ವೇರ್ ಮಾಡಿದ ಕಂಪನಿ ವೆಬ್‌ಸೈಟಿಂದಲೇ ತಗೊಳ್ಳಿ. ಒಂದೇ ಕ್ಲಿಕ್‌ನಲ್ಲಿ ಎಲ್ಲಾ ಡ್ರೈವರ್ ಅಪ್‌ಡೇಟ್ ಅಂತ ಜಾಹೀರಾತು ಬರೋ ಸಾಫ್ಟ್‌ವೇರ್‌ಗಳನ್ನ ಹಾಕ್ಲೇಬೇಡಿ, ನಮ್ಮ ಹಾರ್ಡ್‌ವೇರ್‌ಗೆ ಸಂಬಂಧನೇ ಇಲ್ಲದ ಡ್ರೈವರ್ ತಂದು ತುಂಬಿ ಚೆನ್ನಾಗಿದ್ದ ಮೆಷಿನ್ ಕೆಡಿಸಿದ್ದನ್ನ ಕಣ್ಣಾರೆ ನೋಡಿದೀನಿ. ತಪ್ಪು ಆಡಿಯೋ ಡ್ರೈವರ್‌ದೇ ಆದ್ರೆ, ಡಿವೈಸ್ ಮ್ಯಾನೇಜರ್‌ನಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಅಪ್‌ಡೇಟ್ ಡ್ರೈವರ್‌ಗೆ ಹೋಗಿ, ಪಟ್ಟಿಯಿಂದ ನಾನೇ ಆರಿಸ್ತೀನಿ ಅನ್ನೋದನ್ನ ಒತ್ತಿ, ಹೈ ಡೆಫಿನಿಷನ್ ಆಡಿಯೋ ಡಿವೈಸ್ ಅಂತ ಇರೋ ವಿಂಡೋಸ್‌ನ ಸಾದಾ ಡ್ರೈವರ್ ಹಾಕಿ.

ಡಿಸ್ಕ್ ಮೇಲೆ ಅನುಮಾನ ಇದ್ರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆಗೆದು ನೋಡಿ. ಹಳದಿ ಬಣ್ಣದಲ್ಲಿ ಕಾಷನ್ ಅಂತ ಬಂದ್ರೆ ಡಿಸ್ಕ್ ಬದಲಾಯಿಸಿ, ರಿಪೇರಿ ಗಿಪೇರಿ ಬೇಡ. ಇನ್ನು ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಎಗರೋಕೆ ಶುರುವಾದ್ರೆ ಡಬ್ಬ ಬಿಚ್ಚಿ ಧೂಳು ತೆಗೀರಿ. ಬಿ.ಎಚ್. ರಸ್ತೆ ಪಕ್ಕದ ಮನೆ, ಅಂಗಡಿಗಳಲ್ಲಿ ಫ್ಯಾನ್ ಕೆಳಗೆ ಕಂಬಳಿ ಥರ ಧೂಳು ಕೂತಿರುತ್ತೆ, ಪ್ರೊಸೆಸರ್ ಕಾದು ತಾನೇ ಸ್ಪೀಡ್ ಇಳಿಸ್ಕೊಳ್ಳುತ್ತೆ.

ಮೇಷ್ಟ್ರ ಮನೇಲಿ ಲೇಟೆನ್ಸಿಮಾನ್ ತೋರಿಸಿದ್ದು ಎನ್‌ಡಿಐಎಸ್. "ಮೇಷ್ಟ್ರೇ, ಈಚೆಗೆ ಹೊಸದಾಗಿ ಏನಾದ್ರೂ ಹಾಕಿಸಿದ್ರಾ?" ಅಂದೆ. "ಏನೂ ಇಲ್ಲಪ್ಪಾ" ಅಂದ್ರು. ಬಗ್ಗಿ ಹಿಂದೆ ನೋಡಿದ್ರೆ ಉಗುರಿನಷ್ಟು ದೊಡ್ಡ ವೈಫೈ ಡಾಂಗಲ್, ಮೊಮ್ಮಗ ಬೇಸಿಗೆ ರಜಕ್ಕೆ ಬಂದಾಗ ಚುಚ್ಚಿ ಹೋಗಿದ್ದಂತೆ. ಡಿಸೇಬಲ್ ಮಾಡಿ ಕಂದಪದ್ಯ ಹಾಕ್ದೆ. ಮೇಷ್ಟ್ರು ಕಣ್ಮುಚ್ಕೊಂಡು, ಮೌಸ್ ಪಕ್ಕ ಟೇಬಲ್ ಮೇಲೆ ಎಡಗೈ ಬೆರಳಲ್ಲಿ ಹಾರ್ಮೋನಿಯಂ ಮನೆ ಒತ್ತೋ ಹಂಗೆ ಒತ್ತುತ್ತಾ ಕೂತಿದ್ರು, ಆಲಾಪ ಪೂರ್ತಿ ಮುಗಿಯೋವರೆಗೂ ಬೆರಳು ಒಂದ್ಸಲವೂ ನಿಲ್ಲಲಿಲ್ಲ. ಡಾಂಗಲ್ ಕಿತ್ತು ಕೈಗೆ ಕೊಟ್ಟೆ, ರೂಟರ್‌ನಿಂದ ಹದಿನೈದು ಮೀಟರ್ ಲ್ಯಾನ್ ಕೇಬಲ್ ಎಳೆದ್ವಿ, ಹೊಸ ಸ್ಪೀಕರ್ ಈಗ ಅವರ ಮಗಳ ಮನೇಲಿದೆ.