ಎಂಎಸ್ಸಿ ಬಿಟ್ಟು ಹಾಸನದಲ್ಲಿ ಎಲ್‌ಎಲ್‌ಬಿ: ನಾನು ನಿರ್ಧಾರ ಮಾಡಿದ ಬಗೆ

ಮೈಸೂರಿನಲ್ಲಿ ರಸಾಯನಶಾಸ್ತ್ರದ ಎಂಎಸ್ಸಿ ಮೊದಲ ವರ್ಷ ಓದಿ, ಎರಡನೇ ವರ್ಷಕ್ಕೆ ಹೋಗದೆ, 2024ರಲ್ಲಿ ಹಾಸನಕ್ಕೆ ಬಂದು ಮೂರು ವರ್ಷದ ಎಲ್‌ಎಲ್‌ಬಿಗೆ ಸೇರಿದೆ. ನಮ್ಮೂರು ಆಲೂರು ತಾಲ್ಲೂಕಿನಲ್ಲಿ. ಈಗ ಮನೆಯಿಂದಲೇ ಬಸ್ಸಿನಲ್ಲಿ ಓಡಾಡುತ್ತೇನೆ. ನಮ್ಮ ಕಡೆಯ ಹುಡುಗ ಹುಡುಗಿಯರು ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: "ಅಕ್ಕಾ, ಈಗ ಓದ್ತಿರೋದನ್ನ ಬಿಟ್ಟು ಲಾ ಸೇರಬಹುದಾ? ಯಾವ ಯೂನಿವರ್ಸಿಟಿ ಒಳ್ಳೇದು?"

ಯಾವ ಯೂನಿವರ್ಸಿಟಿ ಅನ್ನೋದು ಕೊನೆಯ ಪ್ರಶ್ನೆ ಎಂದು ನನಗೆ ಅನಿಸುತ್ತದೆ. ನಾಳೆ ನೀವು ಯಾವ ಊರಿನ ಕೋರ್ಟಿನಲ್ಲಿ, ಯಾರ ಕೆಲಸ ಮಾಡುತ್ತೀರಿ? ಅದು ಮೊದಲು ಗೊತ್ತಾಗಬೇಕು. ನಾನು ಆ ದಾರಿಯಲ್ಲೇ ಬಂದೆ.

ಲಾ ಯೋಚನೆ ಬಂದದ್ದು ದೊಡ್ಡಮ್ಮನಿಂದ. ಅಮ್ಮನ ತವರು ಅರಕಲಗೂಡು ಕಡೆ. ದೊಡ್ಡಮ್ಮನಿಗೆ ಮದುವೆ ಆದದ್ದು ಎಂಬತ್ತರ ದಶಕದಲ್ಲಿ. ಪಿತ್ರಾರ್ಜಿತ ಜಮೀನಿನಲ್ಲಿ ಪಾಲು ಕೇಳಿದಾಗ ಊರಿನವರು ಹೇಳಿದ್ದು, "ತೊಂಬತ್ತನಾಲ್ಕಕ್ಕೆ ಮುಂಚೆ ಮದುವೆ ಆದೋರಿಗೆ ಪಾಲಿಲ್ಲ." ಅದು ಪೂರ್ತಿ ಕಟ್ಟುಕಥೆ ಅಲ್ಲ. ಕರ್ನಾಟಕ 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆ ಆಗಿದ್ದವರನ್ನು ಹೊರಗಿಟ್ಟಿತು. ಆಮೇಲೆ 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂತು. ಮದುವೆ ಆಗಿದೆಯಾ ಇಲ್ಲವಾ ಎಂಬ ಭೇದ ಹೋಯಿತು. ಆಗ ಹೊಸ ಮಾತು ಶುರುವಾಯಿತು: "ನಿಮ್ಮಪ್ಪ ಆ ದಿನಕ್ಕೆ ಬದುಕಿರಬೇಕಿತ್ತು." ಇದನ್ನೂ ಸುಪ್ರೀಂ ಕೋರ್ಟ್ 2015ರಲ್ಲಿ ಒಂದು ತೀರ್ಪಿನಲ್ಲಿ ಹೇಳಿತ್ತು, ಆ ಕೇಸು ಹೋಗಿದ್ದೂ ಕರ್ನಾಟಕದಿಂದಲೇ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತೆಗೆದುಹಾಕಿತು. ಅಪ್ಪ ಬದುಕಿರಲಿ ಬಿಡಲಿ, ಮಗಳಿಗೆ ಹುಟ್ಟಿನಿಂದಲೇ ಹಕ್ಕು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮಬದ್ಧವಾಗಿ ಆಸ್ತಿ ವಿಭಾಗ ಆಗಿದ್ದರೆ ಮಾತ್ರ ಅದನ್ನು ಮುಟ್ಟುವಂತಿಲ್ಲ.

ಇಷ್ಟನ್ನು ದೊಡ್ಡಮ್ಮನಿಗೆ ಅರ್ಥ ಆಗುವ ಹಾಗೆ ಕೂತು ಹೇಳಿದವರು ಹಾಸನದ ಒಬ್ಬ ವಕೀಲೆ. ದೊಡ್ಡಮ್ಮ ಕೋರ್ಟಿನ ವಾಯಿದೆಗೆ ಹೋಗುವಾಗ ನನಗೆ ರಜೆ ಇದ್ದರೆ ನಾನೂ ಜೊತೆಗೆ ಹೋಗುತ್ತಿದ್ದೆ. ದೊಡ್ಡಮ್ಮ ತುಂಬಾ ವರ್ಷ "ನನಗೆ ಪಾಲಿಲ್ಲ" ಎಂದೇ ನಂಬಿದ್ದಳು. ಒಂದೊಂದು ಕಾಲದಲ್ಲಿ ಒಂದೊಂದು ಕಾನೂನು ಇತ್ತು, ಅದು ಅವಳ ಹತ್ತಿರ ತಲುಪಲೇ ಇಲ್ಲ. ಇದು ನನ್ನನ್ನು ಬಹಳ ಕಾಡಿತು. ಲ್ಯಾಬಿನಲ್ಲಿ ಕೆಲಸ ಮಾಡುವಾಗಲೂ ಅದೇ ತಲೆಯಲ್ಲಿ ತಿರುಗುತ್ತಿತ್ತು.

ಆದರೆ ಒಂದು ಕೇಸು ನೋಡಿ ಮನಸ್ಸು ಕರಗಿತು ಅಂತ ಕೋರ್ಸ್ ಬದಲಿಸುವುದು ಸರಿಯಲ್ಲ ಅಲ್ವಾ. ಅದಕ್ಕೆ ಮೊದಲು ಮಾಡಿದ ಕೆಲಸ, ಹಾಸನದ ಕೋರ್ಟಿನಲ್ಲಿ ಸುಮ್ನೆ ಹೋಗಿ ಕೂತದ್ದು. ನಮ್ಮ ಕೇಸು ಇಲ್ಲದ ದಿನಗಳಲ್ಲೂ ಹೋದೆ. ಕೋರ್ಟ್ ಹಾಲ್ ಸಾಮಾನ್ಯವಾಗಿ ಎಲ್ಲರಿಗೂ ತೆರೆದ ಜಾಗ. ಸಿವಿಲ್ ಪ್ರಕ್ರಿಯಾ ಸಂಹಿತೆಯ 153ಬಿ ಕಲಮಿನಲ್ಲೇ ಹಾಗೆ ಬರೆದಿದೆ. ಫೋನ್ ಸೈಲೆಂಟ್ ಮಾಡಿ, ಹಿಂದಿನ ಬೆಂಚಿನಲ್ಲಿ ಕೂತರೆ ಯಾರೂ ಏನೂ ಅನ್ನುವುದಿಲ್ಲ.

ಅಲ್ಲಿ ನೋಡಿದ್ದು ಸಿನಿಮಾದ ವಾದ ಅಲ್ಲ. ಬೆಳಗ್ಗೆ ಕಾಲ್‌ವರ್ಕ್. ಬೆಂಚ್ ಕ್ಲರ್ಕ್ ಒಂದೊಂದೇ ಕೇಸಿನ ನಂಬರ್ ಕೂಗುತ್ತಾರೆ. ವಕೀಲರು ಎದ್ದು ನಿಂತು ಎರಡು ಮಾತು ಹೇಳುತ್ತಾರೆ. ಸಮನ್ಸ್ ಜಾರಿ ಆಗಿಲ್ಲ, ಆಕ್ಷೇಪಣೆ ಹಾಕಲು ಟೈಮ್ ಬೇಕು, ಸಾಕ್ಷಿ ಬಂದಿಲ್ಲ. ಮುಂದಿನ ತಾರೀಖು ಬೀಳುತ್ತದೆ. ಜೂನಿಯರ್‌ಗಳು ಡೈರಿಯಲ್ಲಿ ಬರೆದುಕೊಂಡು ಇನ್ನೊಂದು ಹಾಲಿಗೆ ಓಡುತ್ತಾರೆ. ಹೊರಗೆ ಕಾರಿಡಾರಿನಲ್ಲಿ ಕಕ್ಷಿದಾರರು ಪ್ಲಾಸ್ಟಿಕ್ ಕವರಿನಲ್ಲಿ ಪಹಣಿ, ಮ್ಯುಟೇಷನ್ ಪ್ರತಿ, ಹಳೇ ಕ್ರಯಪತ್ರ ಹಿಡಿದುಕೊಂಡು ನಿಂತಿರುತ್ತಾರೆ. ಆಮೇಲೆ ಸಾಕ್ಷಿ ವಿಚಾರಣೆ, ಪಾಟೀಸವಾಲು, ಅಂದರೆ ಎದುರು ಪಕ್ಷದ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವುದು. ಅದೆಲ್ಲ ಕನ್ನಡದಲ್ಲೇ.

ಒಂದು ದಿನ ದಾರಿ ವಿವಾದದ ಕೇಸಿನಲ್ಲಿ ಪಾಟೀಸವಾಲು ನಡೆಯಿತು. ವಕೀಲರು ಸರ್ವೆ ಸ್ಕೆಚ್ಚು ಹಿಡಿದು, ಹಳ್ಳ ಎಲ್ಲಿದೆ, ಬದು ಎಲ್ಲಿದೆ, ಎತ್ತಿನ ಗಾಡಿ ಯಾವ ಕಡೆಯಿಂದ ಹೋಗುತ್ತಿತ್ತು ಎಂದು ಒಂದೊಂದಾಗಿ ಕೇಳಿದರು. ದನಿ ಏರಿಸಲಿಲ್ಲ. ಸಾಕ್ಷಿ ಕೊಟ್ಟ ಉತ್ತರಗಳೇ ಒಂದಕ್ಕೊಂದು ತಾಳೆಯಾಗದೆ ಹೋದವು. ಅವತ್ತು ಸಂಜೆ ತನಕ ಎದ್ದು ಬರಲು ಮನಸ್ಸಾಗಲಿಲ್ಲ. ಅದಕ್ಕಿಂತ ಮುಖ್ಯ, ಏನೂ ನಡೆಯದ ದಿನವೂ ನನಗೆ ಬೇಜಾರಾಗಲಿಲ್ಲ. ತಾರೀಖು ಬೀಳುವ ದಿನಗಳೇ ಜಾಸ್ತಿ ಇರುವ ಕೆಲಸ ಇದು. ಅವು ನಿಮಗೆ ಸಹಿಸಲು ಆಗುತ್ತವಾ? ಇದನ್ನು ಯಾವ ಕೌನ್ಸೆಲಿಂಗೂ ಹೇಳಿಕೊಡುವುದಿಲ್ಲ. ಹೋಗಿ ಕೂರಬೇಕು.

ಹಾಸನದ ಕೋರ್ಟುಗಳಲ್ಲಿ ಏನು ಕೆಲಸ ಇದೆ ಅನ್ನುವುದೂ ಅಲ್ಲೇ ಗೊತ್ತಾಯಿತು. ವಿಭಾಗದ ದಾವೆ, ಇಂಜಂಕ್ಷನ್, ಚೆಕ್ ಬೌನ್ಸ್, ಜೀವನಾಂಶ, ಅಪಘಾತ ಪರಿಹಾರ. ಜೊತೆಗೆ ನಮ್ಮ ಜಿಲ್ಲೆಯ ತನ್ನದೇ ಆದ ಗೋಳು, ಗೊರೂರಿನ ಹೇಮಾವತಿ ಅಣೆಕಟ್ಟೆಯಿಂದ ಮುಳುಗಡೆ ಆದವರ ಜಮೀನು. ಎಚ್‌ಆರ್‌ಪಿ (ಹೇಮಾವತಿ ಜಲಾಶಯ ಯೋಜನೆ) ಜಮೀನು ಅಂದರೆ ಆಲೂರು, ಸಕಲೇಶಪುರ ಕಡೆ ಎಲ್ಲರಿಗೂ ಗೊತ್ತು. ಮಂಜೂರಾತಿ ಒಬ್ಬರ ಹೆಸರಿನಲ್ಲಿ, ಸ್ವಾಧೀನ ಇನ್ನೊಬ್ಬರದ್ದು. ಸರ್ಕಾರಿ ಜಮೀನಿನಲ್ಲಿ ಸಾಗುವಳಿ ಮಾಡುತ್ತಿರುವವರ ಬಗರ್‌ಹುಕುಂ ಅರ್ಜಿಗಳು ಬೇರೆ. ಇವನ್ನೆಲ್ಲ ಓದಿ ಬಿಡಿಸಲು ಪಹಣಿಯ ಕಾಲಂಗಳು ಗೊತ್ತಿರಬೇಕು, ಊರಿನ ಭಾಷೆ ಗೊತ್ತಿರಬೇಕು. ಅವೆರಡೂ ನನ್ನ ಹತ್ತಿರ ಇದ್ದವು. ಕೋರ್ಟ್ ಯಾವುದು ಎಂಬ ಪ್ರಶ್ನೆಗೆ ಅಲ್ಲಿಗೆ ಉತ್ತರ ಸಿಕ್ಕಿತು: ಹಾಸನ.

ಅಲ್ಲಿಂದ ಮುಂದಿನದು ಲೆಕ್ಕ. ಲಾ ಕೋರ್ಸ್ ಎರಡು ಬಗೆ. ಪಿಯುಸಿ ಆದಮೇಲೆ ಐದು ವರ್ಷದ್ದು, ಪದವಿ ಆದಮೇಲೆ ಮೂರು ವರ್ಷದ್ದು. ಐದು ವರ್ಷದ ಕೋರ್ಸಿಗೆ ನಡುವಿನಲ್ಲಿ ಸೇರಲು ಆಗುವುದಿಲ್ಲ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳು ಇದನ್ನು ಸ್ಪಷ್ಟವಾಗಿ ತಡೆಯುತ್ತವೆ. ಬಿಎ ಎರಡು ವರ್ಷ ಮುಗಿಸಿದವರು ಅದನ್ನು ಬಿಟ್ಟು ಐದು ವರ್ಷದ್ದಕ್ಕೆ ಹೋದರೆ ಮೊದಲ ವರ್ಷದಿಂದಲೇ ಶುರು. ಇನ್ನೂ 5 ವರ್ಷ. ಅದೇ ಬಿಎ ಮುಗಿಸಿ ಮೂರು ವರ್ಷದ್ದಕ್ಕೆ ಹೋದರೆ ಇನ್ನು 4 ವರ್ಷ ಸಾಕು, ಕೈಯಲ್ಲಿ ಎರಡು ಪದವಿ. ಪದವಿಯ ಮಧ್ಯದಲ್ಲಿರುವವರಿಗೆ ನಾನು ಹೇಳುವುದು ಇಷ್ಟೇ: ಮುಗಿಸಿ ಬನ್ನಿ.

ನನ್ನ ವಿಷಯ ಬೇರೆ. ಬಿಎಸ್ಸಿ ಆಗಿತ್ತು. ಮೂರು ವರ್ಷದ ಎಲ್‌ಎಲ್‌ಬಿಗೆ ಕೇಳುವುದು ಪದವಿಯ ಅಂಕ. ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗಕ್ಕೆ ಶೇ 42, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ ಶೇ 40. ಎಂಎಸ್ಸಿ ಇದ್ದರೂ ಇಲ್ಲದಿದ್ದರೂ ಅರ್ಹತೆ ಬದಲಾಗುವುದಿಲ್ಲ. ಎಂಎಸ್ಸಿ ಮುಗಿಸಿ ಬಂದರೆ ಏನು ಸಿಗುತ್ತದೆ ಎಂದು ನನ್ನನ್ನೇ ಕೇಳಿಕೊಂಡೆ. ಉಪನ್ಯಾಸಕಿ ಆಗುವ ಒಂದು ದಾರಿ ತೆರೆದಿರುತ್ತದೆ. ಅದು ಸಣ್ಣ ವಿಷಯ ಅಲ್ಲ, ಅಪ್ಪನ ಪೂರ್ತಿ ಒತ್ತಾಯ ಅದೇ ಆಗಿತ್ತು. ಆದರೆ ಆ ದಾರಿಯಲ್ಲಿ ನಾನು ಹೋಗುವುದಿಲ್ಲ ಎಂದು ಖಾತ್ರಿ ಆದಮೇಲೆ ಇನ್ನೊಂದು ವರ್ಷದ ಹಾಸ್ಟೆಲ್ ಖರ್ಚು, ಫೀಸು ಯಾಕೆ? ಅದೇ ದುಡ್ಡು ಲಾ ಮುಗಿದ ಮೇಲಿನ ಮೊದಲ ವರ್ಷಕ್ಕೆ ಬೇಕಾಗುತ್ತದೆ ಎಂದು ಅಪ್ಪನಿಗೆ ಹೇಳಿದೆ. ಒಪ್ಪಲು ಸಮಯ ತೆಗೆದುಕೊಂಡರು.

ಎರಡನ್ನೂ ಒಟ್ಟಿಗೆ ಮಾಡಬಹುದಾ ಎಂದೂ ನೋಡಿದೆ. ಆಗುವುದಿಲ್ಲ. ಲಾ ಓದುವಾಗ ಇನ್ನೊಂದು ರೆಗ್ಯುಲರ್ ಪದವಿಗೆ ಹೆಸರು ಹಚ್ಚುವಂತಿಲ್ಲ. ದೂರಶಿಕ್ಷಣದ ಕೋರ್ಸಿಗೆ ಆ ನಿಯಮದಲ್ಲಿ ವಿನಾಯಿತಿ ಇದೆ. ಎಲ್‌ಎಲ್‌ಬಿಯನ್ನೇ ದೂರಶಿಕ್ಷಣದಲ್ಲಿ ಮಾಡಿ ವಕೀಲಿಕೆ ಮಾಡುತ್ತೇನೆ ಅಂದರೆ ನಡೆಯುವುದಿಲ್ಲ. ಪ್ರತಿ ವಿಷಯದಲ್ಲೂ ಕನಿಷ್ಠ ಶೇ 70 ಹಾಜರಿ ಬೇಕು.

ಯೂನಿವರ್ಸಿಟಿ ಮಾತು ಈಗ. 2009ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾನಿಲಯ ಶುರುವಾಯಿತು. ರಾಜ್ಯದ ಹೆಚ್ಚಿನ ಲಾ ಕಾಲೇಜುಗಳು ಅದರ ಕೆಳಗೇ ಬರುತ್ತವೆ. ಹಾಸನದಲ್ಲಿ ಓದಿದರೂ ಬೆಂಗಳೂರಿನಲ್ಲಿ ಓದಿದರೂ ಪ್ರಶ್ನೆಪತ್ರಿಕೆ ಒಂದೇ, ಪದವಿಯೂ ಒಂದೇ. ಉತ್ತರವನ್ನು ಪೂರ್ತಿ ಇಂಗ್ಲಿಷಿನಲ್ಲಿ ಬರೆಯಬಹುದು, ಪೂರ್ತಿ ಕನ್ನಡದಲ್ಲೂ ಬರೆಯಬಹುದು. ಬೆರೆಸುವಂತಿಲ್ಲ. ನಾನು ಇಂಗ್ಲಿಷಿನಲ್ಲಿ ಬರೆಯುತ್ತೇನೆ, ಹೈಕೋರ್ಟ್ ತೀರ್ಪುಗಳನ್ನು ಓದುವ ರೂಢಿ ತಪ್ಪಬಾರದು ಅಂತ. ಕನ್ನಡದಲ್ಲಿ ಬರೆದು ಚೆನ್ನಾಗಿ ಅಂಕ ತೆಗೆಯುವ ಗೆಳತಿಯರೂ ಇದ್ದಾರೆ.

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 2022ರಿಂದ ಮೂರು ವರ್ಷದ ಎಲ್‌ಎಲ್‌ಬಿ ನಡೆಸುತ್ತಿದೆ. ಅದಕ್ಕೆ ಬೇರೆ ಪ್ರವೇಶ ಪರೀಕ್ಷೆ. ದೊಡ್ಡ ಲಾ ಫರ್ಮ್, ಕಂಪನಿ ಕೆಲಸ ಬೇಕೆನ್ನುವವರು ಖಂಡಿತ ಅದನ್ನು ಬರೆಯಬೇಕು, ಅಲ್ಲಿನ ಓದಿನ ಮಟ್ಟ ದೊಡ್ಡದು. ನನಗೆ ಬೇಕಿದ್ದದ್ದು ಹಾಸನದ ಕೋರ್ಟ್. ಕ್ಲಾಸ್ ಮುಗಿಸಿ ನಡೆದು ಹೋದರೆ ಸೀನಿಯರ್ ಆಫೀಸು ಸಿಗಬೇಕು, ಫೈಲ್ ಕಟ್ಟುವುದರಿಂದ ಹಿಡಿದು ಕಲಿಯಬೇಕು. ಬೆಂಗಳೂರಿನಲ್ಲಿ ಮೂರು ವರ್ಷ ಕಳೆದು ಬಂದರೆ ಇಲ್ಲಿ ಮತ್ತೆ ಮೊದಲಿನಿಂದ ಪರಿಚಯ ಮಾಡಿಕೊಳ್ಳಬೇಕಾಗುತ್ತಿತ್ತು.

ಕಾಗದಪತ್ರಗಳ ಬಗ್ಗೆ ಒಂದು ಮಾತು, ಯಾಕೆಂದರೆ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಒಂದು ವಿಶ್ವವಿದ್ಯಾನಿಲಯದಿಂದ ಇನ್ನೊಂದಕ್ಕೆ ಹೋಗಲು ವಲಸೆ ಪ್ರಮಾಣಪತ್ರ ಬೇಕು, ನಮ್ಮ ಬಾಯಲ್ಲಿ ಮೈಗ್ರೇಷನ್. ಹಾಸನ ಜಿಲ್ಲೆಯವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. 2023ರಲ್ಲಿ ಹೇಮಗಂಗೋತ್ರಿಯಲ್ಲಿ ಹಾಸನ ವಿಶ್ವವಿದ್ಯಾನಿಲಯ ಶುರುವಾಯಿತು. ಅದಕ್ಕೆ ಮೊದಲು ಪದವಿಗೆ ಸೇರಿದ ನನ್ನಂಥವರ ಅಂಕಪಟ್ಟಿ ಮೈಸೂರಿನದು. ನಿಮ್ಮ ಅಂಕಪಟ್ಟಿಯಲ್ಲಿ ಯಾವ ಹೆಸರಿದೆಯೋ ಅಲ್ಲಿಯೇ ಅರ್ಜಿ ಹಾಕಿ. ಚಿಕ್ಕಮಗಳೂರಿನವರಿಗೆ ಅದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯ. ಸೀಟು ಖಚಿತವಾಗುವ ಮೊದಲು ಹಳೇ ಕಾಲೇಜಿನಿಂದ ಟಿಸಿ ಕಿತ್ತುಕೊಂಡು ಬರಬೇಡಿ. ನಾನು ಎಂಎಸ್ಸಿಯ ಎರಡನೇ ಸೆಮಿಸ್ಟರ್ ಪರೀಕ್ಷೆಯನ್ನೂ ಸರಿಯಾಗಿ ಬರೆದು, ಇಲ್ಲಿ ಸೀಟು ಸಿಕ್ಕಮೇಲೆ ಅಲ್ಲಿ ಬಿಡುಗಡೆ ಕೇಳಿದೆ.

ದುಡ್ಡಿನ ವಿಷಯ ಮುಚ್ಚಿಡಬಾರದು. ಜಿಲ್ಲಾ ಕೋರ್ಟಿನಲ್ಲಿ ಜೂನಿಯರ್‌ಗೆ ಮೊದಲ ಕೆಲವು ವರ್ಷ ಸಿಗುವುದು ಬಹಳ ಕಡಿಮೆ. 2024ರ ಅಕ್ಟೋಬರಿನಲ್ಲಿ ವಕೀಲರ ಪರಿಷತ್ತು ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ ₹20,000, ಗ್ರಾಮಾಂತರದಲ್ಲಿ ₹15,000 ಕೊಡಿ ಎಂದು ಹೇಳಿತು. ಅದು ಶಿಫಾರಸು ಮಾತ್ರ, ಅದನ್ನು ನಂಬಿ ಮನೆ ಬಾಡಿಗೆ ಲೆಕ್ಕ ಹಾಕಬೇಡಿ. ಪರಿಶಿಷ್ಟ ಮತ್ತು ಹಿಂದುಳಿದ ವರ್ಗದ ಕಾನೂನು ಪದವೀಧರರಿಗೆ ಸರ್ಕಾರದ ತರಬೇತಿ ಭತ್ಯೆ ಇದೆ, ಅದನ್ನು ವಿಚಾರಿಸಿ. ಒಂದು ಒಳ್ಳೆಯದಾಗಿದೆ. ವಕೀಲರಾಗಿ ನೋಂದಾಯಿಸಲು ಸಾವಿರಾರು ರೂಪಾಯಿ ಕಟ್ಟಬೇಕಿತ್ತು. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಕಾಯ್ದೆಯಲ್ಲಿರುವಷ್ಟೇ ತೆಗೆದುಕೊಳ್ಳಿ ಎಂದಿತು: ₹750, ಪರಿಶಿಷ್ಟರಿಗೆ ₹125.

ನಾನು ಸೇರಿದ ವರ್ಷವೇ, ಜುಲೈ 1ರಿಂದ, ಹಳೆಯ ಭಾರತೀಯ ದಂಡಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಅದರ ಜೊತೆ ಇನ್ನೆರಡು ಹೊಸ ಕಾನೂನು ಜಾರಿಗೆ ಬಂದವು. ಕೊಲೆಯ ಕಲಮು 302 ಹೋಗಿ 103 ಆಯಿತು, ವಂಚನೆಯ 420 ಹೋಗಿ 318. ಹಳೆಯ ಅಪರಾಧಗಳ ಕೇಸು ಹಳೆಯ ದಂಡಸಂಹಿತೆಯಲ್ಲೇ ನಡೆಯುತ್ತವೆ, ಹಾಗಾಗಿ ಎರಡನ್ನೂ ಓದಬೇಕು. ಇದರಲ್ಲಿ ನನಗೆ ಒಂದು ಸಂತೋಷ ಇದೆ. ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆ ಇರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು ಎಂದು ಹೊಸ ಪ್ರಕ್ರಿಯಾ ಕಾನೂನಿನ 176(3) ಹೇಳುತ್ತದೆ. ರಾಜ್ಯಗಳು ಇದನ್ನು ಹಂತಹಂತವಾಗಿ ತರಬೇಕು. ಲ್ಯಾಬ್ ರಿಪೋರ್ಟ್ ಕೈಗೆ ಬಂದಾಗ ಅದರಲ್ಲಿ ಯಾವ ಪರೀಕ್ಷೆ ಮಾಡಿದ್ದಾರೆ, ಯಾವುದನ್ನು ಮಾಡಿಲ್ಲ ಎಂದು ನಾನು ಓದಬಲ್ಲೆ. ಮೈಸೂರಿನ ವರ್ಷ ಅಲ್ಲಿ ಕೆಲಸಕ್ಕೆ ಬರುತ್ತದೆ.

ಇನ್ನು ಜಡ್ಜ್ ಆಗಬೇಕು ಅಂತ ಲಾ ಸೇರುವವರು: 2025ರ ಮೇ 20ರಂದು ಸುಪ್ರೀಂ ಕೋರ್ಟ್ ಸಿವಿಲ್ ಜಡ್ಜ್ ಹುದ್ದೆಗೆ ಮೂರು ವರ್ಷದ ವಕೀಲಿಕೆ ಕಡ್ಡಾಯ ಎಂದು ಮತ್ತೆ ಹೇಳಿದೆ. ನಿಮ್ಮ ವರ್ಷಗಳ ಲೆಕ್ಕಕ್ಕೆ ಅದನ್ನೂ ಸೇರಿಸಿ. ನಮ್ಮ ಕ್ಲಾಸಿನಲ್ಲಿ ಕೆಲವರಿಗೆ ಇದು ದೊಡ್ಡ ಪೆಟ್ಟಾಯಿತು. ನನಗೆ ಅದು ಸರಿಯಾದ ತೀರ್ಪು ಅನಿಸುತ್ತದೆ. ಕಾರಿಡಾರಿನಲ್ಲಿ ಕವರ್ ಹಿಡಿದು ನಿಂತವರ ಪಕ್ಕ ನಿಲ್ಲದೆ ಮೇಲಿನ ಕುರ್ಚಿಯಲ್ಲಿ ಕೂರುವುದು ಕಷ್ಟ.

ಈಚೆಗೆ ಬೇಲೂರು ಕಡೆಯ ಹುಡುಗನೊಬ್ಬ ಬಂದಿದ್ದ. ಬಿಕಾಂ ಎರಡನೇ ವರ್ಷ, ಜೊತೆಗೆ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ, ಮನೆ ನಡೆಯುವುದು ಅವನ ಸಂಬಳದಲ್ಲೇ. ಬಿಕಾಂ ಬಿಟ್ಟು ಐದು ವರ್ಷದ್ದಕ್ಕೆ ಸೇರಲಾ ಎಂದು ಕೇಳಿದ. ವರ್ಷಗಳ ಲೆಕ್ಕ ತೋರಿಸಿದೆ, ಹಾಜರಿಯ ನಿಯಮ ಹೇಳಿದೆ. ಬಿಕಾಂ ಮುಗಿಸು, ತಂಗಿಯ ಓದು ಮುಗಿದು ಅವಳೂ ದುಡಿಯಲು ಶುರು ಮಾಡಿದ ಮೇಲೆ ಸೇರು ಎಂದೆ. ಅಲ್ಲಿಯವರೆಗೆ ರಜೆ ಸಿಕ್ಕಾಗ ಬೇಲೂರಿನ ಕೋರ್ಟಿಗೆ ಹೋಗಿ ಕೂರಲು ಹೇಳಿದ್ದೇನೆ. ಒಂದು ಸಲ ಹೋಗಿ ಬಂದು ಫೋನ್ ಮಾಡಿದ್ದ. ಚೆಕ್ ಬೌನ್ಸ್ ಕೇಸಿನಲ್ಲಿ ಲೆಡ್ಜರ್ ಮೇಲೆ ಕೇಳಿದ ಪ್ರಶ್ನೆಗಳು ತನಗೆ ಪೂರ್ತಿ ಅರ್ಥ ಆದವು ಎಂದು ಬಹಳ ಹೊತ್ತು ಹೇಳಿದ.