ಹಾಲಿನ ಲೆಕ್ಕದ ಪಕ್ಕ ಒಂದು ಮೇಕೆ

ನಾನು ಬಸವನಗುಡಿಯ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಯಾರು ಯಾರಿಗೆ ಎಷ್ಟು ಕೊಡಬೇಕು, ಎಷ್ಟು ದಿನದಿಂದ ಕೊಟ್ಟಿಲ್ಲ, ದಿನವಿಡೀ ಇದೇ ಲೆಕ್ಕ. ಹೀಗೆ ಊರವರ ಬಾಕಿ ನೋಡುವವನ ಮನೆಯ ಕಂಪ್ಯೂಟರಿನಲ್ಲಿ 41 ಗೇಮ್‌ಗಳು ಅರ್ಧಕ್ಕೆ ನಿಂತಿದ್ದವು. 2023ರ ಡಿಸೆಂಬರ್ ಕೊನೆಯ ಭಾನುವಾರ ಕೂತು ಎಣಿಸಿದೆ. ಕೆಲವನ್ನು ತೆರೆದೇ ಇರಲಿಲ್ಲ.

ಇಷ್ಟು ಹೇಗೆ ಸೇರಿದವು ಅಂತ ಕೇಳಬೇಡಿ. 2015ರಲ್ಲಿ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ರೂಪಾಯಿ ಲೆಕ್ಕದಲ್ಲಿ ಬೆಲೆ ಬಂತು. ಬೇಸಿಗೆ ಸೇಲ್, ಚಳಿಗಾಲದ ಸೇಲ್ ಅಂತ ವರ್ಷಕ್ಕೆರಡು ಸಲ ಜಾತ್ರೆ. ಎರಡು ಮಸಾಲೆ ದೋಸೆ ದುಡ್ಡಿಗೆ ಒಂದು ಗೇಮ್ ಸಿಗುತ್ತೆ ಅಂದರೆ ಬಿಡೋಕಾಗುತ್ತಾ? ಆಮೇಲೆ ಎಪಿಕ್ ಸ್ಟೋರ್ ಬಂದು ವಾರವಾರವೂ ಪುಕ್ಕಟೆ ಕೊಡೋಕೆ ಶುರು ಮಾಡಿತು. 2020ರ ಮೇ ತಿಂಗಳಲ್ಲಿ ಜಿಟಿಎ 5 ಕೂಡ ಪುಕ್ಕಟೆ ಸಿಕ್ಕಿತು. ಬಿಟ್ಟಿ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಅಂತಾರಲ್ಲ, ಹಾಗೆ ಎಲ್ಲವನ್ನೂ ಬಾಚಿಕೊಂಡೆ.

ಅಭ್ಯಾಸ ಬಲ, ಒಂದು ಎಕ್ಸೆಲ್ ಶೀಟ್ ಮಾಡಿದೆ. ಯಾವ ಗೇಮ್ ಮುಗಿಸಲು ಜನಕ್ಕೆ ಸಾಮಾನ್ಯವಾಗಿ ಎಷ್ಟು ಗಂಟೆ ಹಿಡಿಯುತ್ತದೆ ಅಂತ ಹುಡುಕಿ ಬರೆದೆ. ದಿ ವಿಚರ್ 3, ಬರೀ ಮುಖ್ಯ ಕಥೆಗೇ ಸುಮಾರು 50 ಗಂಟೆ. ಪೋರ್ಟಲ್ 2, ಎಂಟೊಂಬತ್ತು ಗಂಟೆ. ಎಲ್ಲಾ ಕೂಡಿದರೆ 1,100 ಗಂಟೆ ಬಂತು. ನನಗೆ ವಾರಕ್ಕೆ ಸಿಗುವುದು ಐದು ಗಂಟೆ. ಅಂದರೆ 220 ವಾರ, ನಾಲ್ಕು ವರ್ಷದ ಮೇಲೆ. ಶೀಟ್ ಮುಚ್ಚಿ ಕಾಫಿ ಕುಡಿದೆ.

ಆದರೆ ಅದೇ ಶೀಟ್‌ನಲ್ಲಿ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಸ್ಟೀಮ್ ನಾವು ಆಡಿದ ಗಂಟೆಗಳನ್ನೂ ತೋರಿಸುತ್ತದೆ. ವಿಚರ್ 3 ಎದುರಿಗೆ 38 ಗಂಟೆ ಅಂತಿತ್ತು. 38 ಗಂಟೆ ಆಡಿಯೂ ನಾನಿದ್ದದ್ದು ವೆಲೆನ್ ಅನ್ನೋ ಜಾಗದಲ್ಲಿ, ಕಥೆಯ ಕಾಲು ಭಾಗವೂ ದಾಟಿರಲಿಲ್ಲ. ಕಾರಣ ಸುಲಭ. ಆ ಗೇಮನ್ನು ಮೂರು ಸಲ ಮೊದಲಿಂದ ಶುರು ಮಾಡಿದ್ದೆ. ಶುರುವಿನ ಹಳ್ಳಿಯಲ್ಲಿ ಒಬ್ಬಳು ಅಜ್ಜಿ ತನ್ನ ಬಾಣಲೆ ತಂದುಕೊಡು ಅಂತ ಕೇಳುತ್ತಾಳೆ. ಆ ಬಾಣಲೆಯನ್ನು ಮೂರು ಸಲ ತಂದುಕೊಟ್ಟಿದ್ದೇನೆ. ನಮ್ಮ ಅಡುಗೆಮನೆಯಲ್ಲಿ ಬಾಣಲೆ ಎಲ್ಲಿದೆ ಅಂತ ಗೊತ್ತಿಲ್ಲದವನು ನಾನು.

ಮೊದಲಿಂದ ಶುರು ಮಾಡೋ ಈ ಚಟ ಹಳೆಯದು. ಹೈಸ್ಕೂಲಿನಲ್ಲಿದ್ದಾಗ ಹನುಮಂತನಗರದ ಸೈಬರ್ ಕೆಫೆಯಲ್ಲಿ ಪ್ರಾಜೆಕ್ಟ್ ಐಜಿಐ ಆಡುತ್ತಿದ್ದೆವು. ಆ ಗೇಮ್‌ನಲ್ಲಿ ಮಿಷನ್ ನಡುವೆ ಸೇವ್ ಮಾಡೋಕೆ ಆಗುತ್ತಿರಲಿಲ್ಲ. ಸತ್ತರೆ ಇಡೀ ಮಿಷನ್ ಮತ್ತೆ. ಜೇಬಿನಲ್ಲಿರೋದು ಒಂದು ಗಂಟೆಯ ದುಡ್ಡು. ಗಂಟೆ ಮುಗಿದರೆ ಕೆಫೆಯವರು ಸ್ಕ್ರೀನ್ ಲಾಕ್ ಮಾಡುತ್ತಿದ್ದರು. 14 ಮಿಷನ್ ಇರೋ ಗೇಮ್‌ನಲ್ಲಿ ನಾನು ಮೂರನೆಯದನ್ನು ದಾಟಿದವನಲ್ಲ. ಮೊದಲನೆಯದನ್ನು ಮಾತ್ರ ಈಗಲೂ ಕಣ್ಣು ಮುಚ್ಚಿಕೊಂಡು ಆಡಬಲ್ಲೆ.

ಈಗ ಕೆಫೆಯವರ ಜಾಗದಲ್ಲಿ ಜಿಎಸ್‌ಟಿ ಇದೆ. ಪ್ರತಿ ತಿಂಗಳು 11ಕ್ಕೆ ಒಂದು ರಿಟರ್ನ್, 20ಕ್ಕೆ ಇನ್ನೊಂದು. ಅದರ ಹಿಂದಿನ ನಾಲ್ಕೈದು ದಿನ ಮನೆಗೆ ಬರುವುದೇ ರಾತ್ರಿ ಹತ್ತಕ್ಕೆ. ಜುಲೈ ಬಂದರೆ ಇನ್‌ಕಮ್ ಟ್ಯಾಕ್ಸ್, ಸೆಪ್ಟೆಂಬರ್ ಬಂದರೆ ಆಡಿಟ್. ಹತ್ತು ದಿನ ಬಿಟ್ಟು ಗೇಮ್ ತೆರೆದರೆ ನಾನು ಕಾಡಿನ ಮಧ್ಯೆ ಕುದುರೆ ಮೇಲೆ ಕೂತಿರುತ್ತೇನೆ. ಎಲ್ಲಿಗೆ ಹೊರಟಿದ್ದೆ, ಯಾಕೆ, ಯಾವ ಬಟನ್ ಒತ್ತಿದರೆ ಕತ್ತಿ ಬರುತ್ತದೆ, ಒಂದೂ ನೆನಪಿಲ್ಲ. ಸರಿ, ಮೊದಲಿಂದಲೇ ಆಡೋಣ ಅನ್ನಿಸುತ್ತದೆ. ಅಜ್ಜಿ, ಬಾಣಲೆ.

ನನಗೆ ಟೈಮ್ ಇಲ್ಲ ಅಂತ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೆ. ಔಟರ್ ರಿಂಗ್ ರೋಡಿನಲ್ಲಿ ದಿನಾ ಮೂರು ಗಂಟೆ ಕಳೆಯೋ ಸ್ನೇಹಿತರು ಹಾಗಂದರೆ ಒಪ್ಪಬಹುದು. ನನಗೆ ಶ್ರೀನಗರದ ಮನೆಯಿಂದ ಆಫೀಸು ಸ್ಕೂಟರಿನಲ್ಲಿ ಹತ್ತು ನಿಮಿಷ. ಆಟ ನಿಂತಿದ್ದು ಮರೆವಿನಿಂದ. ಸಾಲಕ್ಕೆ ಬಡ್ಡಿ ಬೆಳೆದ ಹಾಗೆ, ಬಿಟ್ಟಷ್ಟು ದಿನ ಮರೆವು ಬೆಳೆಯುತ್ತಾ ಹೋಗುತ್ತದೆ.

ಹಾಗಾಗಿ ಏಳುವ ಮುಂಚೆ ಎಲ್ಲಿ ನಿಲ್ಲಿಸಿದೆ ಅಂತ ಬರೆದಿಡಬೇಕು. ಇಷ್ಟೇ ಉಪಾಯ. ಮೊಬೈಲಿನಲ್ಲಿ ಬರೆದೆ, ಎರಡು ವಾರದಲ್ಲಿ ಅದನ್ನು ತೆರೆಯೋದೇ ಮರೆತೆ. ಒಂದು ನೋಟ್‌ಬುಕ್ ತಂದೆ, ಅದರಲ್ಲಿ ತಂಗಿ ಮಗಳು ಆನೆ ಬರೆದಳು. ಕೊನೆಗೆ ಕೆಲಸಕ್ಕೆ ಬಂದಿದ್ದು ನಡುಮನೆಯ ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರ್. ಅಮ್ಮ ಅದರ ಮೇಲೆ ಹಾಲಿನ ಲೆಕ್ಕ ಬರೆಯುತ್ತಾಳೆ. ಪಕ್ಕದ ಮೊಳೆಗೆ ದಾರದಲ್ಲಿ ಬಾಲ್ ಪೆನ್ ಕಟ್ಟಿದೆ. ಮಲಗುವ ಮುಂಚೆ ನೀರು ಕುಡಿಯೋಕೆ ಹೋಗುವಾಗ ದಾರಿಯಲ್ಲೇ ಸಿಗುತ್ತದೆ.

ದಿನಕ್ಕೆ ಒಂದು ಚೌಕ. ತಿಥಿ, ನಕ್ಷತ್ರ, ಹಾಲು ಎಲ್ಲಾ ಕಳೆದು ಉಳಿಯೋದು ಹೆಬ್ಬೆರಳಿನ ಉಗುರಿನಷ್ಟು ಜಾಗ. ಅದೇ ಒಳ್ಳೆಯದಾಯಿತು. ಕಥೆ ಬರೆಯೋಕೆ ಆಗಲ್ಲ. ಮುಂದಿನ ಸಲ ಕೂತಾಗ ಮಾಡಬೇಕಾದ ಮೊದಲ ಕೆಲಸ ಏನು, ಮರೆತುಹೋಗೋ ಬಟನ್ ಯಾವುದು, ಅಷ್ಟೇ ಹಿಡಿಸುತ್ತದೆ. ಇವತ್ತು ಏನು ಮಾಡಿದೆ ಅಂತ ಬರೆದರೆ ಉಪಯೋಗವಿಲ್ಲ, ಮೊದಲೆರಡು ವಾರ ಅದೇ ತಪ್ಪು ಮಾಡಿದ್ದೆ. ಮುಂದಿನ ಕೆಲಸವನ್ನೇ ಬರೆಯಬೇಕು.

ಒಂದು ರಾತ್ರಿ ಬರೆದದ್ದು: "ಮೇಕೆ ಸಿಕ್ಕಿಲ್ಲ. ಗಂಟೆ ಬಾರಿಸ್ತಾ ಹುಡುಕು."

ವೆಲೆನ್‌ನಲ್ಲಿ ಬ್ಯಾರನ್ ಅನ್ನೋ ಕುಡುಕ ಯಜಮಾನ ಇದ್ದಾನೆ. ಅವನ ಹೆಂಡತಿ, ಮಗಳು ಇಬ್ಬರೂ ಕಾಣೆಯಾಗಿದ್ದಾರೆ. ಅವರನ್ನು ಹುಡುಕಲು ಒಬ್ಬ ಮಂತ್ರವಾದಿಯ ಸಹಾಯ ಬೇಕು. ಅವನೋ, ಮೊದಲು ನನ್ನ ಮೇಕೆ ಹಿಡಿದು ತಾ ಅಂತ ಕೈಗೊಂದು ಗಂಟೆ ಕೊಡುತ್ತಾನೆ. ಮೇಕೆ ಹೆಸರು ಪ್ರಿನ್ಸೆಸ್. ಅಷ್ಟು ದೊಡ್ಡ ಗೇಮ್‌ನಲ್ಲಿ ರಾಕ್ಷಸರನ್ನು ಕೊಲ್ಲಬೇಕಾದ ನಾಯಕ ಗೆರಾಲ್ಟ್ ಕಾಡಲ್ಲಿ ಗಂಟೆ ಬಾರಿಸಿಕೊಂಡು ಮೇಕೆ ಹಿಂದೆ ಓಡುತ್ತಾನೆ.

ಬೆಳಿಗ್ಗೆ ಅಮ್ಮ ಕ್ಯಾಲೆಂಡರ್ ಮುಂದೆ ನಿಂತಿದ್ದಳು. "ಏನೋ ಇದು? ಯಾರ ಮೇಕೆ ಕಳೆದುಹೋಗಿದೆ?"

ಹೇಳಿದೆ. ಬ್ಯಾರನ್ ಕಥೆಯನ್ನೂ ಹೇಳಬೇಕಾಯಿತು. ಕುಡಿದು ಹೆಂಡತಿಗೆ ಹೊಡೆಯುತ್ತಿದ್ದ ಅಂದಾಗ ಅಮ್ಮ, "ಮತ್ತೆ ಅವಳು ಓಡಿಹೋಗದೆ ಇನ್ನೇನು ಮಾಡ್ತಾಳೆ?" ಅಂದಳು. ಅವತ್ತಿಂದ ಮೂರು ದಿನಕ್ಕೊಮ್ಮೆ ತಿಂಡಿ ಹೊತ್ತಿಗೆ ವಿಚಾರಣೆ ಶುರುವಾಯಿತು. ಸಿಕ್ಕಳೇನೋ ಅವಳು? ಮಗಳು ಅಪ್ಪನ ಹತ್ತಿರ ವಾಪಸ್ ಬಂದಳಾ? ಮುಂದೆ ಆಡದೆ ಇರುವ ಹಾಗೇ ಇರಲಿಲ್ಲ. ಹಿಂದೆ ಮೂರು ಸಲ ಬಿಟ್ಟ ವಿಚರ್ ಆ ವರ್ಷ ಜೂನ್‌ನಲ್ಲಿ ಮುಗಿಯಿತು.

ಬಿಡುವಾದ ಮೇಲೆ ಮತ್ತೆ ಕೂತಾಗ ಸೀದಾ ಕಥೆಗೆ ಹೋಗುವುದಿಲ್ಲ. ಮೊದಲ ಹತ್ತು ನಿಮಿಷ ಹೊಳೆ ಪಕ್ಕದ ಸಣ್ಣಪುಟ್ಟ ದೆವ್ವಗಳ ಜೊತೆ ಸುಮ್ನೆ ಹೊಡೆದಾಡುತ್ತೇನೆ. ತಲೆಗಿಂತ ಕೈಗೆ ಬೇಗ ನೆನಪಾಗುತ್ತದೆ. ಕಷ್ಟದ ಮಟ್ಟವನ್ನೂ ತೀರಾ ಕೆಳಗಿಳಿಸಿದೆ. ವಿಚರ್‌ನಲ್ಲಿ ಅದಕ್ಕೆ 'ಬರೀ ಕಥೆ' ಅನ್ನೋ ಅರ್ಥದ ಹೆಸರೇ ಇದೆ, ನನಗೆ ಬೇಕಿದ್ದದ್ದೂ ಅದೇ. ಸೆಲೆಸ್ಟ್ ಅಂತ ಬೆಟ್ಟ ಹತ್ತುವ ಗೇಮ್‌ನಲ್ಲಿ ಅಸಿಸ್ಟ್ ಮೋಡ್ ಇದೆ, ಆಟದ ವೇಗ ಕಮ್ಮಿ ಮಾಡಿಕೊಳ್ಳಬಹುದು. ಮಾಡಿಕೊಂಡೆ. ಇದು ಮೋಸ ಅಂತ ನನ್ನ ಕಸಿನ್ ಮೂಗು ಮುರಿಯುತ್ತಾನೆ. ಅವನಿಗೆ 22 ವರ್ಷ, ಹಗಲೆಲ್ಲಾ ಖಾಲಿ. ಅವನ ಮಾತು ಬಿಡಿ.

ಚಿಕ್ಕವು ಬೇಗ ಉದುರಿದವು. ಪೋರ್ಟಲ್ 2 ಒಂದು ಶನಿವಾರ, ಭಾನುವಾರದಲ್ಲಿ. ಪುಣೆಯವರು ಮಾಡಿದ 'ರಾಜಿ' ಅನ್ನೋದು ಐದಾರು ಗಂಟೆಯ ಗೇಮ್, ಯುಗಾದಿ ಮಾರನೇ ದಿನ ಮುಗಿಸಿದೆ. ಮುಗಿಸೋದು ಅಂದರೆ ಮುಖ್ಯ ಕಥೆ ಮುಗಿದು ಕೊನೆಯಲ್ಲಿ ಹೆಸರುಗಳು ಓಡಬೇಕು, ಅಷ್ಟೇ. ಊರಲ್ಲಿರೋ ಪೆಟ್ಟಿಗೆಯೆಲ್ಲಾ ತೆರೆದು ನೋಡುವ ಹಟ ಬಿಟ್ಟೆ.

ಡಿಸ್ಕ್ ವಿಷಯ. ನನ್ನದು ಎಸ್‌ಪಿ ರೋಡಿನಲ್ಲಿ ಜೋಡಿಸಿದ ಹಳೇ ಡೆಸ್ಕ್‌ಟಾಪ್, 512 ಜಿಬಿ. ರೆಡ್ ಡೆಡ್ ರಿಡೆಂಪ್ಶನ್ 2 ಒಂದಕ್ಕೇ 150 ಜಿಬಿ ಬೇಕು. ದೊಡ್ಡದೊಂದು, ಚಿಕ್ಕದೊಂದು ಇಟ್ಟುಕೊಂಡು ಉಳಿದಿದ್ದನ್ನೆಲ್ಲ ಅಳಿಸಿದೆ. ಕಣ್ಣೆದುರಿಗೆ ಎರಡೇ ಇದ್ದರೆ ಯಾವುದು ಆಡಲಿ ಅಂತ ಅರ್ಧ ಗಂಟೆ ಹಾಳಾಗುವುದಿಲ್ಲ.

ಕಷ್ಟವಾಗಿದ್ದು ಕೈಬಿಡುವುದು. ಆಫೀಸಿನಲ್ಲಿ ವಸೂಲಾಗದ ಸಾಲ ಅಂತ ಗೊತ್ತಾದರೆ ಅದನ್ನು ರೈಟ್ ಆಫ್ ಮಾಡಿ ಅಂತ ಗಿರಾಕಿಗಳಿಗೆ ನಾವೇ ಹೇಳುತ್ತೇವೆ. ಅವರ ಮುಖ ಹೇಗಾಗುತ್ತದೆ ಅಂತ ನೋಡಿದ್ದೇನೆ. ಈಗ ನನ್ನ ಮುಖವೂ ಹಾಗೇ ಆಯಿತು. ಸೆಕಿರೋ ಅನ್ನೋ ಗೇಮ್‌ನಲ್ಲಿ ಕಷ್ಟದ ಮಟ್ಟ ಇಳಿಸೋ ಅವಕಾಶವೇ ಇಲ್ಲ. ಕೋಟೆಯ ಮೇಲೆ ಗೆನಿಚಿರೋ ಅನ್ನೋ ಯೋಧ ನನ್ನನ್ನು ನಲವತ್ತು ಸಲವಾದರೂ ಕೊಂದಿರಬೇಕು. ಪೂರ್ತಿ ಬೆಲೆ ಕೊಟ್ಟು ಕೊಂಡ ಗೇಮ್ ಬೇರೆ. ಸ್ಟೀಮ್‌ನಲ್ಲಿ ದುಡ್ಡು ವಾಪಸ್ ಬೇಕಿದ್ದರೆ ಕೊಂಡ 14 ದಿನದೊಳಗೆ, ಅದೂ ಎರಡು ಗಂಟೆಗಿಂತ ಕಮ್ಮಿ ಆಡಿರಬೇಕು. ನಾನು ಕೊಂಡು ನಾಲ್ಕು ವರ್ಷವಾಗಿತ್ತು. ಕ್ಯಾಲೆಂಡರ್ ಮೇಲೆ "ಸೆಕಿರೋ, ತೀರಿತು" ಅಂತ ಬರೆದು ಕೆಳಗೆ ಗೆರೆ ಎಳೆದೆ. ಅವತ್ತು ನಿದ್ದೆ ಚೆನ್ನಾಗಿ ಬಂತು. ಅಸಾಸಿನ್ಸ್ ಕ್ರೀಡ್ ಒಡಿಸ್ಸಿಯೂ ಹಾಗೇ ಹೋಯಿತು. ಅದರಲ್ಲಿ ಬರೋ ಗ್ರೀಸ್ ಚೆನ್ನಾಗಿದೆ, ಆದರೆ ಅಷ್ಟೊಂದು ದ್ವೀಪ ಸುತ್ತೋಕೆ ನನ್ನ ಕೈಲಿ ಆಗಲ್ಲ.

ಹಾಲೋ ನೈಟ್ ಬಿಡಲು ಮನಸ್ಸಾಗಲಿಲ್ಲ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಬೆರಳೆಣಿಕೆಯ ಜನ ಕೂತು ಮಾಡಿದ ಗೇಮ್. ಅದರಲ್ಲಿ ಸೋಲ್ ಮಾಸ್ಟರ್ ಅನ್ನೋನು ಸತ್ತ ಹಾಗೆ ನಟಿಸಿ ಮತ್ತೆ ಎದ್ದು ಬರುತ್ತಾನೆ. ಮೇ ತಿಂಗಳ ಒಂದು ಸಂಜೆ ಅವನು ಹಾಗೆ ಮತ್ತೆ ಎದ್ದು, ಇನ್ನೇನು ಎರಡು ಏಟು ಬಾಕಿ ಅನ್ನುವಾಗ ಮಳೆ ಬಂದು ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಯಾವತ್ತೋ ಸತ್ತಿತ್ತು. ಕತ್ತಲಲ್ಲಿ ಟಾರ್ಚ್ ಹಿಡಿದು ಕ್ಯಾಲೆಂಡರ್ ಮೇಲೆ ಬರೆದದ್ದನ್ನು ಇಲ್ಲಿ ಹಾಕುವ ಹಾಗಿಲ್ಲ. 2025ರ ಆಗಸ್ಟ್‌ನಲ್ಲಿ ಗೇಮ್ ಮುಗಿಯಿತು. ಸೆಪ್ಟೆಂಬರ್‌ನಲ್ಲಿ ಅದರ ಮುಂದಿನ ಗೇಮ್ ಸಿಲ್ಕ್‌ಸಾಂಗ್ ಬಂತು. ಆಡಿಟ್ ಗಲಾಟೆಯ ಮಧ್ಯೆಯೇ ಅದನ್ನು ಕೊಂಡೆ. ಇನ್ನೂ ತೆರೆದಿಲ್ಲ.

ಎರಡು ಕ್ಯಾಲೆಂಡರ್ ಮುಗಿದಾಗ ಲೆಕ್ಕ ಹೀಗಿತ್ತು: 41ರಲ್ಲಿ ಮುಗಿದದ್ದು 16, ಕೈಬಿಟ್ಟದ್ದು 17, ಬಾಕಿ 8. ಅದಕ್ಕೆ ಸಿಲ್ಕ್‌ಸಾಂಗ್ ಸೇರಿಸಿ, 9. ಚಳಿಗಾಲದ ಸೇಲ್‌ನಲ್ಲಿ ಏನು ಮಾಡಿದೆ ಅಂತ ಹೇಳುವುದಿಲ್ಲ.

ಡಿಸೆಂಬರ್‌ನಲ್ಲಿ ಅಮ್ಮ ಗಾಂಧಿ ಬಜಾರಿಗೆ ಹೋದವಳು ಹೊಸ ಕ್ಯಾಲೆಂಡರ್ ಎರಡು ತಂದಳು. ಯಾಕೆ ಎರಡು ಅಂತ ಕೇಳಿದೆ.

"ಒಂದು ಹಾಲಿಗೆ. ಇನ್ನೊಂದು ನಿನ್ನ ಮೇಕೆಗೆ."